ಡೆನ್ಮಾರ್ಕ್‌ನ ವಿಬೋರ್ಗ್‌ಗೆ ಬಂದ ಕನ್ನಡಿಗರಿಗೆ: ಮಗಳನ್ನು ಹ್ಯಾಂಡ್‌ಬಾಲ್ ಕ್ಲಬ್ಬಿಗೆ ಸೇರಿಸುವ ಮುನ್ನ

ಸಿಪಿಆರ್ ನಂಬರ್ (ಇಲ್ಲಿಯ ವ್ಯಕ್ತಿ ನೋಂದಣಿ ಸಂಖ್ಯೆ), ಹಳದಿ ಹೆಲ್ತ್ ಕಾರ್ಡ್, ಮಿಟ್‌ಐಡಿ (ಡಿಜಿಟಲ್ ಗುರುತು), ಬ್ಯಾಂಕ್ ಖಾತೆ, ಮೊಬೈಲ್‌ಪೇ (ಫೋನಿನಲ್ಲಿ ಹಣ ಕಳಿಸುವ ಆ್ಯಪ್). ಈ ಐದನ್ನು ಇದೇ ಕ್ರಮದಲ್ಲಿ ಮುಗಿಸಿಕೊಳ್ಳಿ, ಹಿಂದಿನದಿಲ್ಲದೆ ಮುಂದಿನದು ಕಷ್ಟ. ಕಾಗದಪತ್ರದ ಮಾತು ಇಷ್ಟು ಸಾಕು. ಬ್ಯೆರಿಂಗ್‌ಬ್ರೋದ ಪಂಪ್ ಕಂಪನಿಗೋ ಫೌಲುಮ್‌ನ ಕೃಷಿ ಸಂಶೋಧನಾ ಕೇಂದ್ರಕ್ಕೋ ಕೆಲಸಕ್ಕೆಂದು ಬಂದು ವಿಬೋರ್ಗ್‌ನಲ್ಲಿ ಮನೆ ಹಿಡಿದವರು ಕಾಗದಪತ್ರದಲ್ಲಿ ಎಡವುವುದು ಕಡಿಮೆ. ಎಡವುವುದು ಊರಿನ ಜನರ ಜೊತೆ ಬೆರೆಯುವ ಕಡೆ. ಆ ಊರು ಬೆರೆಯುವ ಜಾಗ ಒಳಾಂಗಣ ಹಾಲ್, ಬೆರೆಸುವ ಆಟ ಹ್ಯಾಂಡ್‌ಬಾಲ್, ಅಂದರೆ ಚೆಂಡನ್ನು ಕೈಯಿಂದ ಎಸೆದು ಗೋಲು ಹೊಡೆಯುವ ಆಟ.

ಮೊದಲು ಊರಿನ ಹೆಸರು. ಬರೆಯುವಾಗ ಕೊನೆಯಲ್ಲಿ 'ಗ್' ಇದೆ, ಹೇಳುವಾಗ ಇಲ್ಲ. 'ವೀಬೋ' ಅಂದರೆ ಜನಕ್ಕೆ ತಿಳಿಯುತ್ತದೆ. ನಮ್ಮ ಒಂದು ತಾಲ್ಲೂಕು ಕೇಂದ್ರದಷ್ಟು, ನಲವತ್ತು ಸಾವಿರದ ಆಸುಪಾಸು ಜನರಿರುವ ಊರು. ಇಷ್ಟು ಚಿಕ್ಕ ಊರಿನ ಹೆಣ್ಣುಮಕ್ಕಳ ತಂಡ ಯುರೋಪಿನ ಅತಿದೊಡ್ಡ ಕ್ಲಬ್ ಪ್ರಶಸ್ತಿಯಾದ ಚಾಂಪಿಯನ್ಸ್ ಲೀಗನ್ನು 2006, 2009 ಮತ್ತು 2010ರಲ್ಲಿ, ಮೂರು ಸಲ ಗೆದ್ದಿದೆ. ಇದನ್ನು ತಿಳಿಯದೆ ಆಫೀಸಿನ ಊಟದ ಮೇಜಿನಲ್ಲಿ "ಇಲ್ಲಿ ನೋಡಲು ಏನಿದೆ, ಚರ್ಚು ಬಿಟ್ಟು?" ಎಂದು ಕೇಳುವುದು ನಮ್ಮವರು ಮಾಡುವ ಮೊದಲ ತಪ್ಪು. ಎದುರಿಗಿರುವವರು ನಕ್ಕು ಸುಮ್ಮನಾಗುತ್ತಾರೆ. ಆದರೆ ನೀವು ಅವರ ಊರನ್ನು ಇನ್ನೂ ನೋಡಿಲ್ಲ ಎಂಬುದು ಅವರಿಗೆ ಗೊತ್ತಾಗಿರುತ್ತದೆ.

ಹ್ಯಾಂಡ್‌ಬಾಲ್ ಡೆನ್ಮಾರ್ಕ್‌ನದೇ ಕೂಸು. ಕೋಪನ್‌ಹೇಗನ್ ಪಕ್ಕದ ಓರ್ಡ್ರುಪ್ ಶಾಲೆಯ ಮೇಷ್ಟ್ರು ಹೋಲ್ಗರ್ ನೀಲ್ಸನ್ 1898ರಲ್ಲಿ ಮಕ್ಕಳಿಗೆ ಆಡಿಸಲು ಶುರುಮಾಡಿ, 1906ರಲ್ಲಿ ನಿಯಮಗಳನ್ನು ಅಚ್ಚು ಹಾಕಿಸಿದರು. ಊರಿನ ಹ್ಯಾಂಡ್‌ಬಾಲ್ ಕ್ಲಬ್ ವಿಬೋರ್ಗ್ ಎಚ್‌ಕೆ ಹುಟ್ಟಿದ್ದು 1936ರಲ್ಲಿ. ಬಣ್ಣ ಹಸಿರು. ಹೆಣ್ಣುಮಕ್ಕಳ ತಂಡ 1994ರಲ್ಲಿ ಯುರೋಪಿನ ಇನ್ನೊಂದು ಕ್ಲಬ್ ಪ್ರಶಸ್ತಿಯಾದ ಇಎಚ್‌ಎಫ್ ಕಪ್ ಗೆದ್ದಿತು. 1999ರಲ್ಲಿ, 2004ರಲ್ಲಿ ಅದನ್ನೇ ಮತ್ತೆ ಗೆದ್ದಿತು. ದೇಶದ ಲೀಗ್ 1999ರಿಂದ 2002ರವರೆಗೆ ಸತತ ನಾಲ್ಕು ವರ್ಷ ಇವರದೇ, 2008ರಿಂದ 2010ರವರೆಗೆ ಸತತ ಮೂರು ವರ್ಷ ಮತ್ತೆ ಇವರದೇ. ಚಾಂಪಿಯನ್ಸ್ ಲೀಗ್ ಮಾತ್ರ ಬಹಳ ಕಾಯಿಸಿತು. 1997ರಲ್ಲೂ 2001ರಲ್ಲೂ ಫೈನಲ್‌ನಲ್ಲಿ ಸೋತು, 2006ರಲ್ಲಿ ಕೈಗೆ ಬಂತು. ನಡುವಯಸ್ಸಿನ ವಿಬೋರ್ಗ್‌ನವರೊಡನೆ ಮಾತು ತೆಗೆಯಬೇಕಾದರೆ ಆ ಕಾಯುವಿಕೆಯ ಬಗ್ಗೆ ಕೇಳಿ.

ಈ ಕ್ಲಬ್ಬಿನ ಚರಿತ್ರೆಯಲ್ಲಿ ಹೊರಗಿನಿಂದ ಬಂದವರಿಗೆ ದೊಡ್ಡ ಜಾಗವಿದೆ, ನಮ್ಮಂಥವರು ಗಮನಿಸಬೇಕಾದದ್ದು ಇದನ್ನೇ. ಜರ್ಮನಿ ಪರವಾಗಿ 300ಕ್ಕೂ ಹೆಚ್ಚು ಅಂತಾರಾಷ್ಟ್ರೀಯ ಪಂದ್ಯ ಆಡಿದ ಗ್ರಿಟ್ ಯುರಾಕ್, ರುಮೇನಿಯಾದ ಕ್ರಿಸ್ಟಿನಾ ವರ್ಝಾರು, ಮಾಂಟೆನೆಗ್ರೊದ ಬೋಯಾನಾ ಪೊಪೊವಿಚ್ ಇಲ್ಲಿ ಆಡಿದವರು. ಪೊಪೊವಿಚ್ ಅವರ ಲೆಕ್ಕ ಕೇಳಿ: ಪ್ರತಿಸ್ಪರ್ಧಿ ಸ್ಲಾಗೆಲ್ಸೆ ತಂಡದಲ್ಲಿದ್ದು 2004, 2005, 2007ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದು, ಆಮೇಲೆ ವಿಬೋರ್ಗ್‌ಗೆ ಬಂದು 2009, 2010ರಲ್ಲಿ ಗೆದ್ದು, ತಮ್ಮ ದೇಶಕ್ಕೆ ಮರಳಿ 2012ರಲ್ಲಿ ಆರನೆಯದನ್ನೂ ಎತ್ತಿದರು. 2004ರಿಂದ 2010ರವರೆಗಿನ ಏಳು ವರ್ಷಗಳಲ್ಲಿ ಆರು ವರ್ಷ ಆ ಕಪ್ ಡೆನ್ಮಾರ್ಕ್‌ನ ಈ ಎರಡು ಸಣ್ಣ ಊರುಗಳ ನಡುವೆಯೇ ಓಡಾಡಿತು. ಜೊತೆಗೆ ದೇಶದ ಮಹಿಳಾ ತಂಡ 1996, 2000, 2004ರ ಒಲಿಂಪಿಕ್ ಚಿನ್ನ ಗೆದ್ದಿತು. 1996ರ ತಂಡದ ಕೋಚ್ ಉಲ್ರಿಕ್ ವಿಲ್ಬೆಕ್ 2018ರಲ್ಲಿ ಇದೇ ವಿಬೋರ್ಗ್‌ನ ಮೇಯರ್ ಆದರು. ಹೆಣ್ಣುಮಕ್ಕಳ ಆಟಕ್ಕೆ ಇಲ್ಲಿರುವ ಮರ್ಯಾದೆ ಎಷ್ಟೆಂದು ಇದರಿಂದಲೇ ಅಳೆಯಬಹುದು.

2010ರ ನಂತರ ದೊಡ್ಡ ಹೆಸರುಗಳು ಒಂದೊಂದಾಗಿ ಹೊರಟವು. 2014ರಲ್ಲಿ ದೇಶದ ಲೀಗ್ ಪ್ರಶಸ್ತಿಯೂ ಯುರೋಪಿನ ಕಪ್ ವಿನ್ನರ್ಸ್ ಕಪ್ಪೂ ಬಂದವು. ಆಮೇಲೆ ದೇಶದ ಮುಂಚೂಣಿ ಎಸ್‌ಬ್ಯೆರ್ಗ್, ಓಡೆನ್ಸೆ ತಂಡಗಳಿಗೆ ಹೋಯಿತು. ಆದರೂ ಸಂಜೆ ಐದಕ್ಕೆ ಹಾಲ್‌ಗೆ ಬರುವ ಹುಡುಗಿಯರ ಸಾಲು ನಿಂತಿಲ್ಲ. ನಿಮ್ಮ ಮಗಳು ಸೇರಬೇಕಾದದ್ದು ಆ ಸಾಲಿಗೆ.

ಆಟ ಗೊತ್ತಿಲ್ಲವೆಂದು ಹಿಂಜರಿಯಬೇಡಿ. ಶಾಲೆಯಲ್ಲಿ ಥ್ರೋಬಾಲ್ ಆಡಿದ ಕನ್ನಡದ ಹೆಣ್ಣುಮಕ್ಕಳಿಗೆ ಅರ್ಧ ಆಟ ಬಂದೇ ಇರುತ್ತದೆ: ಎರಡು ಕೈಯಲ್ಲಿ ಹಿಡಿಯುವುದು, ಭುಜದ ಮೇಲಿಂದ ಒಂದೇ ಕೈಯಲ್ಲಿ ಎಸೆಯುವುದು, ಮೂರು ಸೆಕೆಂಡಿಗಿಂತ ಹೆಚ್ಚು ಚೆಂಡು ಇಟ್ಟುಕೊಳ್ಳದಿರುವುದು. ತೊಂದರೆ ಕೊಡುವುದು ಕಾಲು. ಥ್ರೋಬಾಲ್‌ನಲ್ಲಿ ಚೆಂಡು ಹಿಡಿದ ಕೂಡಲೇ ನಿಲ್ಲುವ ಅಭ್ಯಾಸವಾಗಿರುತ್ತದೆ, ಇಲ್ಲಿ ಹಿಡಿದ ಮೇಲೆ ಮೂರು ಹೆಜ್ಜೆ ಓಡಬಹುದು, ಓಡಲೇಬೇಕು. ಮನೆಯ ಹಿಂದಿನ ಹುಲ್ಲಿನಲ್ಲಿ ಎಡ-ಬಲ-ಎಡ ಹೆಜ್ಜೆ ಹಾಕಿ ಎಗರಿ ಎಸೆಯುವುದನ್ನು ದಿನಕ್ಕೆ ಇಪ್ಪತ್ತು ಸಲ ಮಾಡಿಸಿ. ಎಡಗೈಯವಳಾದರೆ ಹೆಜ್ಜೆ ಬಲ-ಎಡ-ಬಲ. ಎಡಗೈ ಆಟಗಾರ್ತಿಯೆಂದರೆ ಎಲ್ಲ ತಂಡಕ್ಕೂ ಪ್ರೀತಿ, ಅಂಗಳದ ಬಲಬದಿಯಿಂದ ಗೋಲಿನ ಕೋನ ಅವಳಿಗೇ ಚೆನ್ನಾಗಿ ಸಿಗುತ್ತದೆ. ಊಟದ ಕೈ, ಎಸೆಯುವ ಕೈ ಎಂದು ಗದರಿ ಬಲಗೈಗೆ ತಿರುಗಿಸಬೇಡಿ.

ಕಬಡ್ಡಿ ಕಂಡವರಿಗೆ ರಕ್ಷಣೆ ಬೇಗ ಅರ್ಥವಾಗುತ್ತದೆ. ಗೋಲಿನಿಂದ ಆರು ಮೀಟರ್ ದೂರದ ಗೆರೆಯ ಮುಂದೆ ಆರು ಜನ ಸಾಲಾಗಿ, ಒಬ್ಬರಿಗೊಬ್ಬರು ಒತ್ತಾಗಿ ನಿಲ್ಲುತ್ತಾರೆ. ಎದುರಿನಿಂದ ಬಂದವಳನ್ನು ಎದೆ-ತೋಳುಗಳಿಂದ ತಡೆಯಬಹುದು. ಕಬಡ್ಡಿಯ ಪಟ್ಟು ಮಾತ್ರ ಇಲ್ಲಿ ಸಲ್ಲ: ಹಿಂದಿನಿಂದ ಎಳೆದರೆ, ಎಸೆಯುವ ಕೈಗೆ ಹೊಡೆದರೆ, ಎಗರಿದವಳನ್ನು ತಳ್ಳಿದರೆ ಎರಡು ನಿಮಿಷ ಹೊರಗೆ. ಹೀಗೆ ಮೂರು ಸಲವಾದರೆ ಕೆಂಪು ಕಾರ್ಡ್. ಅಂಗಳ 40 ಮೀಟರ್ ಉದ್ದ, 20 ಅಗಲ. ಗೋಲು 3 ಮೀಟರ್ ಅಗಲ, 2 ಎತ್ತರ. ದೊಡ್ಡವರ ಪಂದ್ಯ ಅರ್ಧಕ್ಕೆ 30 ನಿಮಿಷ. ಗೋಲಿ (ಗೋಲ್‌ಕೀಪರ್) ಸೇರಿ ತಂಡಕ್ಕೆ ಏಳು ಜನ.

ಚೆಂಡು ಕೊಳ್ಳುವಾಗ ನಮ್ಮವರು 'ಬೆಳೆಯುತ್ತಾಳೆ, ದೊಡ್ಡದೇ ಇರಲಿ' ಎಂದು ಒಂದು ಸೈಜ್ ಮೇಲಿನದು ತರುತ್ತಾರೆ. ಇದರಿಂದ ನಷ್ಟವಾಗುವುದು ಮಗುವಿನ ಭುಜಕ್ಕೆ. ಬೆರಳು ಸುತ್ತಿ ಹಿಡಿಯಲಾಗದ ಚೆಂಡನ್ನು ಮಗು ಎಸೆಯುವುದಿಲ್ಲ, ತಳ್ಳುತ್ತದೆ. ಆ ಅಭ್ಯಾಸ ಬಿಡಿಸಲು ವರ್ಷ ಬೇಕು. 8ರಿಂದ 14ರ ಹುಡುಗಿಯರಿಗೆ ಸೈಜ್ 1: ಸುತ್ತಳತೆ 50–52 ಸೆಂ.ಮೀ., ತೂಕ 290–330 ಗ್ರಾಂ. ಅದಕ್ಕಿಂತ ಚಿಕ್ಕವರಿಗೆ ಸೈಜ್ 0 ಇಲ್ಲವೇ 00. ಹದಿನಾಲ್ಕು ದಾಟಿದ ಮೇಲೆ ಸೈಜ್ 2: 54–56 ಸೆಂ.ಮೀ., 325–375 ಗ್ರಾಂ. ಶೂ ವಿಷಯದಲ್ಲೂ ಹಾಗೆಯೇ. ರನ್ನಿಂಗ್ ಶೂ ಬೇಡ. ಅದರ ಅಟ್ಟೆ ಎತ್ತರ, ಪಕ್ಕಕ್ಕೆ ಹೊರಳುವಾಗ ಕಣಕಾಲು ಮಡಚುತ್ತದೆ. ತಗ್ಗು ಅಟ್ಟೆಯ, ನೆಲಕ್ಕೆ ಗೀರು ಬೀಳದ ಒಳಾಂಗಣ ಶೂ ತನ್ನಿ, ಅದನ್ನು ಚೀಲದಲ್ಲಿ ತಂದು ಹಾಲ್‌ನಲ್ಲೇ ಹಾಕಿಕೊಳ್ಳಲಿ. ಹೊರಗಿನ ಚಪ್ಪಲಿಯಲ್ಲಿ ದೇವರಮನೆಗೆ ಹೋಗುತ್ತೇವೆಯೇ? ಹಾಲ್‌ನ ನೆಲದ ಬಗ್ಗೆ ಇವರಿಗೂ ಅಂಥದೇ ಭಾವ. ದೊಡ್ಡವರು ಚೆಂಡಿಗೆ ಹಚ್ಚುವ ಅಂಟು ಅನೇಕ ಹಾಲ್‌ಗಳಲ್ಲಿ ನಿಷಿದ್ಧ, ಕೇಳದೆ ತರಬೇಡಿ.

ಹಂಗಾಮು ಆಗಸ್ಟ್‌ನಲ್ಲಿ ಶುರುವಾಗಿ ವಸಂತಕ್ಕೆ ಮುಗಿಯುತ್ತದೆ. ಬೇಸಿಗೆ ರಜೆಗೆ ಮೊದಲೇ ಕ್ಲಬ್ಬಿಗೆ ಒಂದು ಇಮೇಲ್ ಹಾಕಿ: ಮಗಳು ಹುಟ್ಟಿದ ವರ್ಷ, ಮೊದಲು ಆಡಿದ್ದಾಳೋ ಇಲ್ಲವೋ, ಡ್ಯಾನಿಶ್ ಎಷ್ಟು ಬರುತ್ತದೆ. ಗುಂಪು ಮಾಡುವುದು ಹುಟ್ಟಿದ ವರ್ಷದ ಮೇಲೆ. ಎರಡು-ಮೂರು ತರಬೇತಿಗೆ ಸುಮ್ಮನೆ ಬಂದು ನೋಡಲು ಬಿಡುತ್ತಾರೆ, ಒಪ್ಪಿಗೆಯಾದರೆ ಕೊಂಟಿಂಗೆಂಟ್ ಅಂದರೆ ಸದಸ್ಯತ್ವದ ಹಣ ಕಟ್ಟಬೇಕು. ಈ ಹಣ ನಮ್ಮ ಕೋಚಿಂಗ್ ಕ್ಲಾಸಿನ ಫೀಸಿಗಿಂತ ಎಷ್ಟೋ ಕಡಿಮೆ. ಕಾರಣವಿದೆ. ಹಾಲ್ ಒದಗಿಸುವುದು, 25ರೊಳಗಿನ ಸದಸ್ಯರ ಚಟುವಟಿಕೆಗೆ ನೆರವು ಕೊಡುವುದು ಕಾನೂನಿನ ಪ್ರಕಾರ ಕೊಮ್ಮೂನ್‌ನ (ಸ್ಥಳೀಯ ಆಡಳಿತದ) ಹೊಣೆ. ಉಳಿದದ್ದನ್ನು ತಂದೆತಾಯಂದಿರು ಸಂಬಳವಿಲ್ಲದೆ ಮಾಡುತ್ತಾರೆ.

ನಮ್ಮವರ ದೊಡ್ಡ ತಪ್ಪು ಇಲ್ಲೇ ಆಗುವುದು. ದುಡ್ಡು ಕಟ್ಟಿದ್ದೇವೆ, ಇನ್ನು ಕಲಿಸುವುದು ಅವರ ಕೆಲಸ ಎಂದುಕೊಂಡು ಮಗುವನ್ನು ಬಾಗಿಲಲ್ಲಿ ಇಳಿಸಿ, ಅಂಗಡಿಗೆ ಸಾಮಾನು ತರಲು ಹೋಗುತ್ತೇವೆ. ಅಲ್ಲಿ ಸೀಟಿ ಹಿಡಿದು ನಿಂತವರು ದಾದಿಯೋ ಬಡಗಿಯೋ ಆಗಿರುತ್ತಾರೆ, ಕೆಲಸ ಮುಗಿಸಿ ಮನೆಗೂ ಹೋಗದೆ ನಿಮ್ಮ ಮಗಳಿಗಾಗಿ ಬಂದಿರುತ್ತಾರೆ. ಕೆಫೆಟೇರಿಯಾದಲ್ಲಿ ಕಾಫಿ ಮಾರುವ ಪಾಳಿ, ಭಾನುವಾರದ ಸ್ಟೆವ್ನೆಗೆ (ಚಿಕ್ಕ ಚಿಕ್ಕ ಪಂದ್ಯಗಳ ಕೂಟ) ಕಾರಿನಲ್ಲಿ ನಾಲ್ಕು ಮಕ್ಕಳನ್ನು ಕರೆದೊಯ್ಯುವುದು, ಕೇಕ್ ತರುವುದು, ಪಂದ್ಯದ ಸಮಯ ನೋಡಿಕೊಳ್ಳುವ ಗಡಿಯಾರದ ಮೇಜಿಗೆ ಕೂರುವುದು ಎಲ್ಲವೂ ಸರದಿಯ ಮೇಲೆ ಬರುತ್ತವೆ. ಕೇಳುವವರೆಗೆ ಕಾಯಬೇಡಿ. ಊರ ಜಾತ್ರೆಯಲ್ಲಿ, ಗಣೇಶನ ಪೆಂಡಾಲಿನಲ್ಲಿ ಯಾರೂ ಹೇಳದೆಯೇ ಸೌಟು ಹಿಡಿಯುತ್ತಿದ್ದ ಕೈಗಳಿವು. ಅದೇ ಅಭ್ಯಾಸ ಇಲ್ಲಿ ನಡೆಯುತ್ತದೆ. ಮಕ್ಕಳ ಜೊತೆ ನಿಯತವಾಗಿ ಕೆಲಸ ಮಾಡುವುದಾದರೆ ಪೊಲೀಸರ ಬೋರ್ನೆಅಟೆಸ್ಟ್ (ಮಕ್ಕಳ ಮೇಲಿನ ಅಪರಾಧದ ದಾಖಲೆ ಇಲ್ಲವೆಂಬ ಪ್ರಮಾಣಪತ್ರ) ಬೇಕು, ಕ್ಲಬ್ಬೇ ತರಿಸುತ್ತದೆ, ನೀವು ಒಪ್ಪಿಗೆ ಕೊಟ್ಟರೆ ಮುಗಿಯಿತು. ವರ್ಷಕ್ಕೊಮ್ಮೆ ಜನರಲ್‌ಫೋರ್‌ಸಾಮ್ಲಿಂಗ್ ಎಂಬ ಸದಸ್ಯರ ಸಭೆ ಇರುತ್ತದೆ. ಹೋಗಿ. ಅಲ್ಲಿ ಕೈ ಎತ್ತುವ ಹಕ್ಕು ವೀಸಾ ಯಾವುದೆಂದು ಕೇಳುವುದಿಲ್ಲ.

ಬರಲಾಗದ ದಿನ ಮೊದಲೇ ತಿಳಿಸುವುದಕ್ಕೆ 'ಆವ್‌ಬೂ' ಎನ್ನುತ್ತಾರೆ. ತಂಡದ ಆ್ಯಪ್‌ನಲ್ಲಿ ಒಂದು ಒತ್ತು ಸಾಕು. ನೆಂಟರು ಬಂದರು, ಪೂಜೆ ಇತ್ತು ಎಂದು ಹೇಳದೆ ತಪ್ಪಿಸಿದರೆ ಏಳು ಜನರ ತಂಡ ಆರಾಗುತ್ತದೆ, ಆಟ ಕೆಡುವುದು ಉಳಿದ ಮಕ್ಕಳದು. ತಡವಾಗಿ ಬರುವುದು ಇನ್ನೂ ಅಪಾಯ. ಈ ಆಟದಲ್ಲಿ ಹುಡುಗಿಯರ ಮೊಣಕಾಲಿನ ಒಳಗಿನ ಅಸ್ಥಿಬಂಧ ಹರಿಯುವ ಸಾಧ್ಯತೆ ಹುಡುಗರಿಗಿಂತ ಹೆಚ್ಚು, ಎಗರಿ ಇಳಿಯುವಾಗ ಮಂಡಿ ಒಳಕ್ಕೆ ವಾಲಿದರೆ ಹರಿಯುತ್ತದೆ. ಅದನ್ನು ತಡೆಯುವ ಸಮತೋಲನದ, ಇಳಿಯುವ ಅಭ್ಯಾಸಗಳೆಲ್ಲ ಮೊದಲ ಹದಿನೈದು ನಿಮಿಷದಲ್ಲೇ ಮುಗಿದಿರುತ್ತವೆ.

ಸ್ನಾನದ ವಿಷಯ ಯಾರೂ ಹೇಳಿಕೊಡುವುದಿಲ್ಲ, ಆದ್ದರಿಂದ ಬಿಡಿಸಿ ಹೇಳಬೇಕು. ತರಬೇತಿಯ ನಂತರ ಹುಡುಗಿಯರು ಒಂದೇ ಕೋಣೆಯಲ್ಲಿ ಬಟ್ಟೆಯಿಲ್ಲದೆ ಸ್ನಾನ ಮಾಡುವುದು ಇಲ್ಲಿಯ ರೂಢಿ. ನಮ್ಮ ಮಕ್ಕಳು ಮೊದಲ ವಾರ ಅಳುತ್ತಾರೆ, ಕೆಲವರು ಇದೊಂದೇ ಕಾರಣಕ್ಕೆ ಆಟ ಬಿಡುತ್ತಾರೆ, ಕಾರಣವನ್ನು ಮನೆಯಲ್ಲಿ ಹೇಳುವುದೂ ಇಲ್ಲ. ಸೇರಿಸುವ ಮುನ್ನವೇ ಮಗಳಿಗೆ ತಿಳಿಸಿ. ತರಬೇತುದಾರರಿಗೆ "ಅವಳು ಮನೆಯಲ್ಲಿ ಸ್ನಾನ ಮಾಡುತ್ತಾಳೆ" ಎಂದು ನೇರವಾಗಿ ಹೇಳಿ. ತಪ್ಪು ತಿಳಿಯುವುದಿಲ್ಲ. ಆದರೆ ಬಟ್ಟೆ ಬದಲಿಸುವ ಕೋಣೆಯಿಂದ ಅವಳನ್ನು ಪೂರ್ತಿ ಎಳೆದುಕೊಂಡು ಬರಬೇಡಿ. ಗೆಳೆತನ ಕುದುರುವುದು ಆ ಬೆಂಚಿನ ಮೇಲೆ. ಐದು ನಿಮಿಷ ಅಲ್ಲಿ ಕೂತು ಬರಲಿ.

ಊಟಕ್ಕೆ ಹಾಲ್‌ನಲ್ಲಿ ಸಿಗುವುದು ಬಹುತೇಕ ಹಂದಿಮಾಂಸದ ಪೊಲ್ಸೆ (ಸಾಸೇಜ್). ಚಪಾತಿ ಸುರುಳಿ, ಬಾಳೆಹಣ್ಣು ಕಟ್ಟಿಕೊಡಿ. ಕೇಕ್ ಸರದಿಗೆ ಮೊಟ್ಟೆಯಿಲ್ಲದ ರವೆ ಕೇಕ್ ಒಯ್ದರೆ ಬೇಗ ಖಾಲಿಯಾಗುತ್ತದೆ, ಗೋಡಂಬಿ ಹಾಕಿದ್ದರೆ ಚೀಟಿ ಅಂಟಿಸಿ.

ಬದಿಯಲ್ಲಿ ಕೂತವರು ಕೂಗಿ ಹೇಳಿಕೊಡುವುದನ್ನು ಇಲ್ಲಿ ಸಹಿಸುವುದಿಲ್ಲ. ಕ್ರಿಕೆಟ್ ನೋಡಿದ ಗಂಟಲಿಗೆ ಇದು ಕಷ್ಟ, ಆದರೂ ತಡೆದುಕೊಳ್ಳಿ. ಚಿಕ್ಕವರ ಕೂಟಗಳಲ್ಲಿ ಬಹುಮಟ್ಟಿಗೆ ಅಂಕಪಟ್ಟಿಯೇ ಇರುವುದಿಲ್ಲ. "ಎಷ್ಟನೇ ರ‍್ಯಾಂಕ್?" ಎಂದು ಕೇಳಿದರೆ ಮಗಳ ಬಳಿ ಉತ್ತರವಿಲ್ಲ, ಸಂಕೋಚ ಮಾತ್ರ ಉಳಿಯುತ್ತದೆ. ಇವತ್ತು ಯಾರಿಗೆ ಪಾಸ್ ಕೊಟ್ಟೆ ಎಂದು ಕೇಳಿ, ಅರ್ಧ ಗಂಟೆ ಮಾತಾಡುತ್ತಾಳೆ.

ಅವಳಿಗೆ ಹದಿಮೂರಾಗುತ್ತದೆ. ಇನ್ನು ಓದಿನ ಕಡೆ ಗಮನ ಕೊಡಲಿ, ಆಟ ಸಾಕು ಎಂದು ನಮ್ಮ ಮನೆಗಳಲ್ಲಿ ನಿರ್ಧಾರವಾಗುವ ವಯಸ್ಸದು. ಊರಲ್ಲಿ ನಮ್ಮ ಅಕ್ಕತಂಗಿಯರು ಥ್ರೋಬಾಲ್, ಖೋ-ಖೋ ಬಿಟ್ಟದ್ದೂ ಇದೇ ವಯಸ್ಸಿನಲ್ಲಿ. ಅಲ್ಲಿ ಆಟ ಬಿಟ್ಟರೂ ಸೋದರತ್ತೆಯ ಮನೆ, ಪಕ್ಕದ ಬೀದಿ, ಹಬ್ಬದ ಓಡಾಟ ಇದ್ದವು. ಇಲ್ಲಿ ತಂಡ ಬಿಟ್ಟ ಹುಡುಗಿಗೆ ನವೆಂಬರ್‌ನ ಸಂಜೆ ನಾಲ್ಕರ ಕತ್ತಲೂ ಫೋನೂ ಉಳಿಯುತ್ತವೆ. ವಾರಕ್ಕೆ ಎರಡು-ಮೂರು ಸಂಜೆ ಆಡಿದರೆ ಓದು ಹಾಳಾಗುವುದಿಲ್ಲ. ಒಂಬತ್ತನೇ ತರಗತಿ ಮುಗಿದ ಮೇಲೆ ಅವಳು ಎಫ್ಟರ್‌ಸ್ಕೋಲೆಗೆ ಹೋಗುತ್ತೇನೆ ಎನ್ನಬಹುದು. ಅದು ಒಂದು ವರ್ಷದ ವಸತಿ ಶಾಲೆ, ಹ್ಯಾಂಡ್‌ಬಾಲ್ ಕಲಿಸುವಂಥವು ಹಲವಿವೆ. ನಮ್ಮನ್ನು ಬಿಟ್ಟು ಹೋಗುತ್ತಿದ್ದಾಳೆ ಎಂಬ ಸಂಕಟ ಸಹಜ. ಆದರೆ ಆ ಜಾಗಗಳು ಬೇಗ ತುಂಬುತ್ತವೆ, ಎರಡು ವರ್ಷ ಮೊದಲೇ ಹೆಸರು ಬರೆಸುವವರಿದ್ದಾರೆ. ಬೇಡವೆನ್ನುವ ಮುನ್ನ ಒಮ್ಮೆ ಹೋಗಿ ನೋಡಿ ಬನ್ನಿ.

ಅವಳು ಅಂಗಳದಲ್ಲಿ ಡ್ಯಾನಿಶ್‌ನಲ್ಲೇ ಕೂಗುತ್ತಾಳೆ, ಕನ್ನಡ ಅಲ್ಲಿ ಬರುವುದಿಲ್ಲ. ಅದಕ್ಕೆ ಬೇಸರ ಬೇಡ. ಹಾಲ್‌ನಿಂದ ಮನೆಗೆ ಬರುವ ಕಾರಿನ ದಾರಿಯನ್ನು ಕನ್ನಡಕ್ಕೆ ಇಟ್ಟುಕೊಳ್ಳಿ. ಪಂದ್ಯದ ಸುದ್ದಿಯನ್ನು ಅಜ್ಜಿಗೆ ಅವಳೇ ಫೋನ್ ಮಾಡಿ ಹೇಳಲಿ. ಏಳು ಮೀಟರ್ ಎಸೆತ (ಪೆನಾಲ್ಟಿ), ಎರಡು ನಿಮಿಷದ ಶಿಕ್ಷೆ ಎಲ್ಲವನ್ನೂ ಕನ್ನಡದಲ್ಲಿ ಬಿಡಿಸಿ ಹೇಳುವಾಗ ಅವಳಿಗೆ ಬೇಕಾದ ಮಾತು ತಾನೇ ಬರುತ್ತದೆ.

ಮೊದಲ ಬಾರಿ ದೊಡ್ಡವರ ಪಂದ್ಯಕ್ಕೆ ಕರೆದೊಯ್ಯುವಾಗ ಮುಕ್ಕಾಲು ಗಂಟೆ ಮೊದಲು ಹೋಗಿ, ಗೋಲಿನ ಹಿಂದಿನ ಬದಿಗೆ ಹತ್ತಿರ ಕೂರಿ. ಗೋಲಿಗಳು ಕೈಕಾಲು ಬಿಸಿ ಮಾಡಿಕೊಳ್ಳುವುದನ್ನು ಅಲ್ಲಿಂದ ಚೆನ್ನಾಗಿ ನೋಡಬಹುದು. ಏನಾದರೂ ಹಸಿರು ಬಟ್ಟೆ ಹಾಕಿಸಿ. ಚೀಲದಲ್ಲಿ ಒಂದು ಮಾರ್ಕರ್ ಪೆನ್ ಇರಲಿ. ಪಂದ್ಯ ಮುಗಿದ ಮೇಲೆ ಮಕ್ಕಳು ಅಂಗಳದ ಅಂಚಿಗೆ ಓಡುತ್ತಾರೆ, ಆಟಗಾರ್ತಿಯರು ನಿಂತು ಚೆಂಡಿನ ಮೇಲೆ ಸಹಿ ಹಾಕಿಕೊಡುತ್ತಾರೆ.