ಬಿದ್ದ ಗುರಿ ಮತ್ತೆ ಏಳಲಿ: ಏರ್ ರೈಫಲ್ ಅಭ್ಯಾಸಕ್ಕೆ ಉಕ್ಕಿನ ಫಲಕ

ಕಾಗದದ ಗುರಿಯಲ್ಲಿ ಪೆಲೆಟ್ (ಏರ್ ರೈಫಲ್‌ನ ಪುಟ್ಟ ಗುಂಡು) ಎಲ್ಲಿ ಬಿತ್ತೆಂದು ತಿಳಿಯಲು ಹತ್ತಿರ ಹೋಗಿ ನೋಡಬೇಕು. ಉಕ್ಕಿನ ಫಲಕವಾದರೆ ತಾಗಿದ ಕ್ಷಣವೇ ಬೀಳುತ್ತದೆ, ಹಗ್ಗ ಎಳೆದರೆ ಮತ್ತೆ ನಿಲ್ಲುತ್ತದೆ. ಓಟ ಮತ್ತು ಶೂಟಿಂಗ್ ಸೇರಿದ ಟಾರ್ಗೆಟ್ ಸ್ಪ್ರಿಂಟ್ ಸ್ಪರ್ಧೆಯಲ್ಲಿ 10 ಮೀಟರ್ ದೂರದಿಂದ ಉರುಳಿಸುವುದು 35 ಮಿ.ಮೀ. ವ್ಯಾಸದ ಐದು ಗುರಿಗಳನ್ನು. ಇಲ್ಲಿನ ಅಳತೆಯೂ ಅದೇ.

ಇದು 16 ಜೂಲ್‌ಗಿಂತ ಕಡಿಮೆ ಶಕ್ತಿಯ, ಮೆದು ಸೀಸದ ಪೆಲೆಟ್ ಹಾರಿಸುವ ಏರ್ ರೈಫಲ್‌ಗೆ ಮಾತ್ರ. ಉಕ್ಕಿನ ಬಿಬಿ, ಅಂದರೆ ಪುಟ್ಟ ದುಂಡು ಗುಂಡು, ಬೇಡವೇ ಬೇಡ. ಸೀಸ ಚಪ್ಪಟೆಯಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಉಕ್ಕು ಬಂದ ದಾರಿಯಲ್ಲೇ ಪುಟಿಯುತ್ತದೆ. ಮದ್ದುಗುಂಡಿನ ಬಂದೂಕಿಗೆ ಬೇರೆಯೇ ಉಕ್ಕು, ಬೇರೆಯೇ ಅಂತರ ಬೇಕು. ಅದು ಶೂಟಿಂಗ್ ರೇಂಜ್‌ನಲ್ಲಿ ಆಗಬೇಕಾದ ಕೆಲಸ.

ಮೊದಲು ಪೆಟ್ಟಿಗೆ

3 ಮಿ.ಮೀ. ಉಕ್ಕಿನ ತಗಡಿನಲ್ಲಿ 60 ಸೆಂ.ಮೀ. ಅಗಲ, 50 ಎತ್ತರ, 50 ಆಳದ, ಮುಂಭಾಗ ತೆರೆದ ಪೆಟ್ಟಿಗೆ ಮಾಡಿ. ಹಿಂದಿನ ತಗಡು ನೆಟ್ಟಗಿರಬಾರದು. ಮೇಲಂಚು ಮುಂದಕ್ಕೆ, ಕೆಳಗಂಚು ಹಿಂದಕ್ಕೆ ಬರುವಂತೆ 45 ಡಿಗ್ರಿ ಓರೆಯಾಗಿ ಕೂರಿಸಿ. ಗುರಿ ತಪ್ಪಿದ ಪೆಲೆಟ್ ಅದಕ್ಕೆ ಬಡಿದು ಕೆಳಗಿಳಿಯುತ್ತದೆ. ತಳದಲ್ಲಿ 3 ಸೆಂ.ಮೀ. ಒಣ ಮರಳು ಹರಡಿ. ತಗಡಿನ ದಪ್ಪಕ್ಕಿಂತ ಓರೆಯೇ ಮುಖ್ಯ: ಶೂಟರ್ ಕಡೆ ಮುಖ ಮಾಡಿದ ಯಾವುದೇ ಮೇಲ್ಮೈ ಸೀಸವನ್ನು ನೆಲದತ್ತ ತಳ್ಳುವಂತಿರಬೇಕು. ಹಾಗಾಗಿ ಎದುರುಗಡೆ ಬೋಲ್ಟ್ ತಲೆ, ದುಂಡು ಸರಳು, ವೆಲ್ಡಿಂಗ್ ಉಬ್ಬು ಕಾಣಿಸಲೇಬಾರದು.

ಫಲಕಗಳು

40 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಪಟ್ಟಿಯಿಂದ 90 ಮಿ.ಮೀ. ಉದ್ದದ ಐದು ತುಂಡು ಕತ್ತರಿಸಿ, ಅಂಚುಗಳನ್ನು ಗ್ರೈಂಡರ್‌ನಲ್ಲಿ ನಯಗೊಳಿಸಿ. ಪ್ರತಿಯೊಂದರ ಬೆನ್ನಿಗೆ, ಕೆಳತುದಿಯಲ್ಲಿ, 40 ಮಿ.ಮೀ. ಉದ್ದದ ಕೊಳವೆ ಬೆಸೆಯಿರಿ. ಕೊಳವೆಯ ಒಳವ್ಯಾಸ 11 ಮಿ.ಮೀ., ಅದರೊಳಗೆ ಹಾಯುವ, ಫಲಕ ತಿರುಗುವ ಅಚ್ಚಿನ ಸರಳು 10 ಮಿ.ಮೀ. ಇದಕ್ಕಿಂತ ಬಿಗಿಯಾದರೆ ವೆಲ್ಡಿಂಗ್ ಶಾಖಕ್ಕೆ ಕೊಳವೆ ಸೊಟ್ಟಗಾಗಿ ಫಲಕ ಅಲ್ಲಾಡುವುದಿಲ್ಲ. ಗ್ಯಾಲ್ವನೈಸ್ಡ್ ಕೊಳವೆ ಬಳಸಬೇಡಿ. ಸತುವಿನ ಹೊಗೆ ವಿಷಕಾರಿ.

ಅಚ್ಚು ಪೆಟ್ಟಿಗೆಯ ಬಾಯಿಂದ 5 ಸೆಂ.ಮೀ. ಒಳಗೆ, ತಳದಿಂದ 15 ಸೆಂ.ಮೀ. ಮೇಲಿರಲಿ. ಫಲಕಗಳ ನಡುವಿನ ಅಂತರ ಕೇಂದ್ರದಿಂದ ಕೇಂದ್ರಕ್ಕೆ 80 ಮಿ.ಮೀ. ಅಚ್ಚಿನ ಮುಂದೆ 5 ಮಿ.ಮೀ. ದಪ್ಪದ ಅಡ್ಡಪಟ್ಟಿಯನ್ನು, ಮೇಲಂಚು ಮುಂದಕ್ಕೆ ಬಾಗಿರುವಂತೆ ಬೆಸೆಯಿರಿ. ಅದು ಅಚ್ಚನ್ನೂ ಕಾಯುತ್ತದೆ, ಫಲಕಗಳಿಗೆ ಒರಗಲೂ ಆಗುತ್ತದೆ. ಫಲಕ ಶೂಟರ್ ಕಡೆಗೆ ಸುಮಾರು 10 ಡಿಗ್ರಿ ಬಾಗಿ ನಿಂತರೆ ಸರಿ. ಹಿಂದಕ್ಕೆ ಬಾಗಿದ್ದರೆ ಸೀಸ ಮೇಲಕ್ಕೆ ಚಿಮ್ಮುತ್ತದೆ. ಈ ಪಟ್ಟಿಗೆ ಮೊದಲು ಟ್ಯಾಕ್ (ಅಲ್ಲಲ್ಲಿ ಚುಕ್ಕೆ ಬೆಸುಗೆ) ಮಾತ್ರ ಹಾಕಿ, ಐದೂ ಫಲಕಗಳನ್ನು ಬೆರಳಿನಿಂದ ಬೀಳಿಸಿ ನೋಡಿ, ಆಮೇಲೆ ಪೂರ್ತಿ ಬೆಸೆಯಿರಿ.

ಎತ್ತುವ ಸರಳು

8 ಮಿ.ಮೀ. ಸರಳನ್ನು 7 ಸೆಂ.ಮೀ. ತೋಳುಗಳಿರುವ ಚೌಕ ಕಮಾನಾಗಿ ಬಗ್ಗಿಸಿ, ಫಲಕಗಳ ಹಿಂದೆ ಅದೇ ಅಚ್ಚಿಗೆ ಜೋಡಿಸಿ. ಇದು ಪೂರ್ತಿ ಮಲಗಬಾರದು. ಮಲಗಿದರೆ ಹಗ್ಗದ ಎಳೆತ ನೇರ ಅಚ್ಚಿನ ಮೇಲೇ ಬಿದ್ದು, ಎಷ್ಟು ಎಳೆದರೂ ಕಮಾನು ಏಳದು. ಅಡ್ಡಮಟ್ಟಕ್ಕಿಂತ 30 ಡಿಗ್ರಿ ಮೇಲೆಯೇ ನಿಲ್ಲುವಂತೆ ಹಿಂದೆ ಒಂದು ತಡೆ ಕೊಡಿ. ಮುಂದೆಯೂ ತಡೆ ಬೇಕು, ನೆಟ್ಟಗಾಗುವುದಕ್ಕೆ ಸ್ವಲ್ಪ ಮೊದಲು. ಕೊಳವೆ ಬೆನ್ನಿಗಿರುವುದರಿಂದ ಫಲಕದ ಭಾರ ಅಚ್ಚಿಗಿಂತ ಮುಂದಿರುತ್ತದೆ. ಅಷ್ಟು ಎತ್ತಿದರೆ ಅದು ತಾನೇ ಮುಂದಕ್ಕೆ ವಾಲುತ್ತದೆ, ಹಗ್ಗ ಸಡಿಲಿಸಿದಾಗ ಕಮಾನು ಹಿಂದಕ್ಕೆ ಬೀಳುತ್ತದೆ.

ಕಮಾನಿಗೂ ಹಿಂದಿನ ತಡೆಗೂ ರಬ್ಬರ್ ಕೊಳವೆ ತೊಡಿಸಿ. ಇಲ್ಲವಾದರೆ ಬಲವಾಗಿ ಬಿದ್ದ ಫಲಕ ಪುಟಿದು ಮತ್ತೆ ಎದ್ದು ನಿಲ್ಲುತ್ತದೆ, ತಾಗಿದ ಏಟು ತಪ್ಪಿದಂತೆ ಕಾಣುತ್ತದೆ. ಹಗ್ಗವನ್ನು ಒಂದು ಬದಿಯ ತೋಳಿನಿಂದ, ಪಕ್ಕದ ತಗಡಿಗೆ ತಾಗಿದಂತೆ ಒಯ್ಯಿರಿ.

ಹಾರಿಸುವ ಮುನ್ನ

ಪ್ರತಿ ಫಲಕದ ಮೇಲೆ ಮ್ಯಾಟ್ (ಹೊಳಪಿಲ್ಲದ) ಬಿಳಿ ಬಣ್ಣದಲ್ಲಿ 35 ಮಿ.ಮೀ. ವೃತ್ತ ಬಳಿಯಿರಿ, ಉಳಿದದ್ದು ಕಪ್ಪು. ಅಚ್ಚಿಗೆ ಎಣ್ಣೆ ಬೇಡ, ಸೀಸದ ಪುಡಿ ಅಂಟಿ ಕೆಸರಾಗುತ್ತದೆ; ಗ್ರಾಫೈಟ್ ಪುಡಿ ಹಾಕಿ. ಪೆಟ್ಟಿಗೆಯ ಹಿಂದೆ ಗಟ್ಟಿ ಗೋಡೆ ಇರಲಿ, ಬಾಗಿಲು, ಕಿಟಕಿ, ಜನರ ಓಡಾಟ ಇರಬಾರದು. 10 ಮೀಟರ್‌ಗಿಂತ ಹತ್ತಿರದಿಂದ ಹಾರಿಸಬೇಡಿ. ನೋಡುತ್ತ ನಿಂತವರೂ ಸೇರಿ ಎಲ್ಲರೂ ಸುರಕ್ಷತಾ ಕನ್ನಡಕ ಧರಿಸಲೇಬೇಕು.

ಸೀಸದ ಪುಡಿಯನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಏನನ್ನಾದರೂ ತಿನ್ನುವ ಮೊದಲು ಸೋಪಿನಿಂದ ಕೈ ತೊಳೆಯಿರಿ. ಆಗಾಗ ಫಲಕಗಳ ಮೇಲೆ ಬೆರಳಾಡಿಸಿ ನೋಡಿ. ಗುಳಿ ಸಿಕ್ಕರೆ ಆ ಫಲಕವನ್ನು ಬದಲಿಸಿ, ಏಕೆಂದರೆ ಗುಳಿಯ ಅಂಚು ಸೀಸದ ಚೂರನ್ನು ನೇರ ನಿಮ್ಮತ್ತ ತಿರುಗಿಸಬಲ್ಲದು.