ಲಾರಿ ಮೂತಿ ರಸ್ತೆ ಕಡೆಗಿರಲಿ

ಶಿವಮೊಗ್ಗ, ತೀರ್ಥಹಳ್ಳಿ, ಮಾಸ್ತಿಕಟ್ಟೆ, ಹುಲಿಕಲ್ ಘಾಟಿ, ಹೊಸಂಗಡಿ, ಕುಂದಾಪುರ. 19 ವರ್ಷದಿಂದ ನನ್ನ ಲಾರಿ ಓಡುತ್ತಿರುವುದು ಇದೇ ದಾರಿಯಲ್ಲಿ. ಆಗುಂಬೆಯ 14 ತಿರುವುಗಳಲ್ಲಿ ದೊಡ್ಡ ಲಾರಿಗೆ ಪ್ರವೇಶವಿಲ್ಲ, ಹಾಗಾಗಿ ಹುಲಿಕಲ್ಲೇ ನಮಗೆ ಗತಿ. ಹೋಗುವಾಗ ಅಕ್ಕಿ, ಬರುವಾಗ ಹಂಚೋ ಉಪ್ಪೋ ಸಿಕ್ಕಿದ್ದು. ಲಾರಿ ಓಡಿಸುವುದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ರಾತ್ರಿ ಹೇಗೆ ನಿಲ್ಲಿಸಬೇಕು ಅಂತ ಹೇಳಿಕೊಟ್ಟವರು ನನಗೆ ಒಬ್ಬರೇ, ನಮ್ಮ ಉಸ್ತಾದ್. ನಾನು 3 ವರ್ಷ ಅವರ ಕೈಕೆಳಗೆ ಕ್ಲೀನರ್ ಆಗಿದ್ದೆ.

ಪುಣೆ ರಸ್ತೆಯಲ್ಲಿ ಹೋದರೆ ಐವತ್ತು ಅರವತ್ತು ಲಾರಿ ಹಿಡಿಸುವ ಢಾಬಾಗಳಿವೆ. ಮಲೆನಾಡಿನಲ್ಲಿ ಅಂಥದ್ದನ್ನು ಹುಡುಕಬೇಡಿ. ಇಲ್ಲಿ ಲಾರಿ ನಿಲ್ಲುವುದು ಪೆಟ್ರೋಲ್ ಬಂಕಿನ ಪಕ್ಕದ ಖಾಲಿ ಜಾಗದಲ್ಲಿ, ಅಕ್ಕಿ ಗಿರಣಿ ಅಂಗಳದಲ್ಲಿ, ಹೋಟೆಲಿನ ಮುಂದೆ. ಹತ್ತು ಲಾರಿ ನಿಂತರೆ ಹನ್ನೊಂದನೆಯದಕ್ಕೆ ಜಾಗವಿಲ್ಲ. ನೆಲದ ಮೇಲೆ ಗೆರೆ ಎಳೆದಿರುವುದಿಲ್ಲ, ಮೊದಲು ಬಂದವನು ಹೇಗೆ ನಿಲ್ಲಿಸಿದನೋ ಉಳಿದವರೂ ಹಾಗೆಯೇ. ಮೊದಲು ಬಂದವನು ಅಡ್ಡಡ್ಡ ನಿಲ್ಲಿಸಿ ಮಲಗಿಬಿಟ್ಟರೆ ಅವತ್ತು ಎಲ್ಲರಿಗೂ ತಾಪತ್ರಯ.

ಉಸ್ತಾದ್ ಹೇಳುತ್ತಿದ್ದದ್ದು ಒಂದೇ ಮಾತು: "ಲೇ ತಮ್ಮಾ, ಮೂತಿ ರಸ್ತೆ ಕಡೆಗಿರಲಿ." ರಾತ್ರಿ ಸುಸ್ತಾಗಿ ಬಂದಾಗ ಮೂತಿ ಒಳಗೆ ತೂರಿಸಿ ನಿಲ್ಲಿಸುವುದು ಸುಲಭ, ಅರ್ಧ ನಿಮಿಷದ ಕೆಲಸ. ಆದರೆ ಬೆಳಿಗ್ಗೆ ನಾಲ್ಕೂವರೆಗೆ ಮಂಜು ಮುಸುಕಿರುವಾಗ, ಮಿರರಿನ ತುಂಬ ನೀರಿನ ಹನಿ ಕೂತಿರುವಾಗ, ಹಿಂದೆ ಯಾರು ಬಂದು ನಿಂತಿದ್ದಾರೋ ಗೊತ್ತಿಲ್ಲದೆ ರಿವರ್ಸ್‌ನಲ್ಲಿ ರಸ್ತೆಗೆ ಇಳಿಯಬೇಕು. ಬಂದ ಕೂಡಲೇ ರಿವರ್ಸ್ ಹಾಕಿದರೆ ಜಾಗ ಆಗಷ್ಟೇ ಕಣ್ಣಿಗೆ ಬಿದ್ದಿರುತ್ತದೆ, ಕ್ಲೀನರ್ ಇನ್ನೂ ಎಚ್ಚರವಾಗಿರುತ್ತಾನೆ.

ನಾನು ಮಾಡುವುದು ಹೀಗೆ. ಆದಷ್ಟೂ ಜಾಗ ನನ್ನ ಬಲಗಡೆ ಬೀಳುವಂತೆ ಒಳಗೆ ಬರುತ್ತೇನೆ. ಜಾಗ ದಾಟಿ ಮುಂದೆ ಹೋಗಿ ಲಾರಿ ನಿಲ್ಲಿಸಿ ಇಳಿಯುತ್ತೇನೆ. ಇಳಿಯಲೇಬೇಕು, ಎಷ್ಟೇ ಮಳೆ ಇದ್ದರೂ. ಟಾರ್ಚ್ ಬೆಳಕು ಬಿಟ್ಟು ಮೇಲೆ ಕರೆಂಟ್ ತಂತಿ, ಮರದ ಕೊಂಬೆ, ಕೆಳಗೆ ಚರಂಡಿ ಕಲ್ಲು ನೋಡಿಕೊಂಡು ಹತ್ತುತ್ತೇನೆ. ಮೂತಿಯನ್ನು ಎಡಕ್ಕೆ ಸ್ವಲ್ಪ ಎಳೆದು, ಸ್ಟೇರಿಂಗ್ ಬಲಕ್ಕೆ ಕತ್ತರಿಸಿ ಹಿಂದೆ ಬಿಟ್ಟರೆ ಬಾಡಿಯ ಬಲ ಮೂಲೆ ಪೂರ್ತಿ ನನ್ನ ಕಿಟಕಿಯಿಂದಲೇ ಕಾಣುತ್ತದೆ. ಎಡಗಡೆಯಾದರೆ ಮಿರರ್ ಒಂದೇ ಗತಿ, ಅದರಲ್ಲೂ ಅರ್ಧ ಕಾಣುವುದಿಲ್ಲ. ಈ ಹೊತ್ತಿನಲ್ಲಿ ಎಲ್ಲರೂ ಮರೆಯುವುದು ಮುಂದಿನ ಎಡ ಮೂಲೆಯನ್ನು. ಹಿಂಭಾಗ ಒಳಗೆ ಹೋಗುತ್ತಿದ್ದ ಹಾಗೆ ಮುಂಭಾಗ ಎಡಕ್ಕೆ ಬೀಸುತ್ತದೆ. ಪಕ್ಕದವನ ಮಿರರ್ ಒಡೆದು 800 ರೂಪಾಯಿ ಕೊಟ್ಟ ಮೇಲೆ ನನಗೆ ಅದು ಮರೆತಿಲ್ಲ.

ಕ್ಲೀನರ್ ಹುಡುಗ ಲಾರಿಯ ಹಿಂದೆ ನಟ್ಟನಡುವೆ ನಿಂತು "ಬರ್ಲಿ, ಬರ್ಲಿ" ಅನ್ನಬಾರದು. ನನ್ನ ಬಲ ಮಿರರಿನಲ್ಲಿ ಅವನ ಮುಖ ಕಾಣಬೇಕು. ಮುಖ ಮಾಯವಾದರೆ ನನ್ನ ಕಾಲು ಬ್ರೇಕಿನ ಮೇಲೆ, ಅವನು "ಹೋಲ್ಡಾನ್" ಅನ್ನಲಿ ಬಿಡಲಿ. ಸ್ವಲ್ಪ ಕಾಲ ಟ್ರೈಲರ್ ಕೂಡ ಓಡಿಸಿದೆ. ಅದರಲ್ಲಿ ಲೆಕ್ಕ ತಿರುಗುಮುರುಗು, ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಹಿಂಭಾಗ ಎಡಕ್ಕೆ ಹೋಗುತ್ತದೆ. ಮೊದಲ ತಿಂಗಳು ಒಂದು ಸಲ ನಿಲ್ಲಿಸಲು ಇಪ್ಪತ್ತು ನಿಮಿಷ ಬೇಕಾಗುತ್ತಿತ್ತು, ಹೋಟೆಲಿನವರು ದೋಸೆ ತಿರುವಿ ಹಾಕುವುದನ್ನು ಬಿಟ್ಟು ನೋಡುತ್ತಿದ್ದರು.

ಇನ್ನು ನೆಲದ ವಿಚಾರ. ಬಯಲುಸೀಮೆಯ ಡ್ರೈವರುಗಳು ಇಲ್ಲಿ ಬಂದು ಸಿಕ್ಕಿಬೀಳುವುದೇ ಇದರಲ್ಲಿ. ಒಂದು ಜುಲೈ ರಾತ್ರಿ, 200 ಚೀಲ ಅಕ್ಕಿ ಹೇರಿಕೊಂಡು ಹೊರಟಿದ್ದೆ. ಯಡೂರು ದಾಟಿದ ಮೇಲೆ ವೈಪರ್ ಸಾಲದಂಥ ಮಳೆ. ಘಾಟಿ ಇಳಿಯುವುದು ಬೇಡ ಅನ್ನಿಸಿ, ರಸ್ತೆ ಪಕ್ಕ ಹುಲ್ಲು ಬೆಳೆದ ಅಗಲ ಜಾಗ ಕಂಡು ಎಡಕ್ಕೆ ಇಳಿಸಿದೆ. ಹುಲ್ಲು ಇದೆ ಅಂದರೆ ಗಟ್ಟಿ ನೆಲ ಅಂದುಕೊಂಡೆ. ಬೆಳಿಗ್ಗೆ ಕಣ್ಣುಬಿಟ್ಟಾಗ ನಾನು ಬಾಗಿಲಿಗೆ ಒರಗಿಕೊಂಡಿದ್ದೆ. ಎಡಗಡೆಯ ಹಿಂದಿನ ಜೋಡಿ ಚಕ್ರ ಹಬ್‌ವರೆಗೂ ಕೆಂಪು ಮಣ್ಣಿನಲ್ಲಿ ಹೂತು ಲಾರಿ ಗದ್ದೆ ಕಡೆ ವಾಲಿತ್ತು. ಯಾರೋ ಕೇಬಲ್ ಹಾಕಲು ಅಗೆದು ಮುಚ್ಚಿದ ಜಾಗವಂತೆ, ಮೇಲೆ ಹುಲ್ಲು ಬಂದಿತ್ತು ಅಷ್ಟೆ. ಹತ್ತಿರದ ತೋಟದವರೊಬ್ಬರು ಕೊಡೆ ಹಿಡಿದು ಬಂದು ನೋಡಿ, "ಎಂತ ಮಾರಾಯಾ, ಇಲ್ಲಿ ಯಾರಾದ್ರೂ ನಿಲ್ಲಿಸ್ತಾರಾ?" ಅಂದರು. ಅರ್ಧದಷ್ಟು ಚೀಲಗಳನ್ನು ಬೇರೆ ಲಾರಿಗೆ ಇಳಿಸಿ, ಅದೇ ಲಾರಿಯಿಂದ ಎಳೆಸಿಕೊಂಡು ಮೇಲೆ ಬರುವಷ್ಟರಲ್ಲಿ ಮಧ್ಯಾಹ್ನ ಎರಡು ಗಂಟೆ. ಹನ್ನೊಂದು ಚೀಲ ನೆನೆದಿತ್ತು, ಅದರ ದುಡ್ಡು ನನ್ನ ಬಾಡಿಗೆಯಲ್ಲಿ ಹಿಡಿದರು. ಕಾಲಿನ ತುಂಬ ಇಂಬಳ, ಅಂದರೆ ಜಿಗಣೆ, ಹತ್ತಿದ್ದು ಗೊತ್ತಾದದ್ದು ಊಟಕ್ಕೆ ಕೂತಾಗ.

ಅವತ್ತಿನಿಂದ ಟಾರು ಬಿಟ್ಟು ಇಳಿಯುವ ಮೊದಲು ಜಾಕಿ ರಾಡ್ ತೆಗೆದು ನೆಲಕ್ಕೆ ಚುಚ್ಚುತ್ತೇನೆ. ಒಂದು ಗೇಣು ಸಲೀಸಾಗಿ ಒಳಗೆ ಹೋದರೆ ಮುಂದಿನ ಬಂಕು. ಮಳೆಗಾಲದಲ್ಲಿ ನೀರು ನಿಂತ ಗುಂಡಿಯ ಪಕ್ಕವಂತೂ ಸುಳಿಯುವುದಿಲ್ಲ.

ಇಳಿಜಾರಿನಲ್ಲಿ ನಿಲ್ಲಿಸಲೇಬೇಕಾದರೆ ಮೂತಿ ಮೇಲಕ್ಕಿದ್ದಾಗ ಫಸ್ಟ್ ಗೇರ್, ಕೆಳಕ್ಕಿದ್ದಾಗ ರಿವರ್ಸ್ ಗೇರ್, ಸ್ಟೇರಿಂಗ್ ರಸ್ತೆ ಪಕ್ಕದ ಮಣ್ಣಿನ ದರೆ ಕಡೆಗೆ, ಹಿಂದಿನ ಚಕ್ರಕ್ಕೆ ಕಲ್ಲು. ಹ್ಯಾಂಡ್ ಬ್ರೇಕ್ ಒಂದನ್ನೇ ನಂಬಿ ಮಲಗಿದ ಡ್ರೈವರನ್ನು ನಾನು ಡ್ರೈವರ್ ಅನ್ನುವುದಿಲ್ಲ. ಕಲ್ಲು ಹುಡುಕುವ ಗೋಜೇ ಬೇಡ ಅಂತ ಎರಡು ಮರದ ತುಂಡನ್ನು ಕ್ಯಾಬಿನ್ನಿನಲ್ಲೇ ಇಟ್ಟುಕೊಂಡಿದ್ದೇನೆ. ಘಾಟಿ ಇಳಿದು ಹೊಸಂಗಡಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಬ್ರೇಕ್ ಲೈನಿಂಗ್ ವಾಸನೆ ಹೊಡೆಯುತ್ತಿರುತ್ತದೆ. ಕೆಲವರು ಬಕೆಟ್ ನೀರು ತಂದು ಡ್ರಮ್ಮಿಗೆ ಎರಚುತ್ತಾರೆ. ಕಾದ ಡ್ರಮ್ ಸೀಳು ಬಿಡುತ್ತದೆ. ಮಟ್ಟ ಜಾಗದಲ್ಲಿ ಮರದ ತುಂಡು ಕೊಟ್ಟು ತಾನಾಗೇ ತಣಿಯಲು ಬಿಟ್ಟರೆ ಸಾಕು, ಅಷ್ಟರಲ್ಲಿ ಎರಡನೇ ಚಹಾ ಮುಗಿಯುತ್ತದೆ.

ಡೀಸೆಲ್ ಕಳ್ಳರ ಕಾಟವೂ ಇದೆ. ಟ್ಯಾಂಕಿನ ಮುಚ್ಚಳ ಗೋಡೆ ಕಡೆಗೋ ಪಕ್ಕದ ಲಾರಿ ಕಡೆಗೋ ಬರುವಂತೆ, ನಡುವೆ ಕೈ ಆಡಿಸಲು ಜಾಗವಿಲ್ಲದಂತೆ ನಿಲ್ಲಿಸುತ್ತೇನೆ. ಅಡಿಕೆ ಲೋಡಾದರೆ ಹಿಂಬದಿಯೂ ಗೋಡೆಗೆ ತಾಗುವಷ್ಟು ಹತ್ತಿರ, ಹಗ್ಗ ಕೊಯ್ದರೂ ಚೀಲ ಎಳೆಯಲು ಆಗಬಾರದು. ಟಾರ್ಪಾಲಿನ ಮೇಲೆ ನೀರು ನಿಲ್ಲದ ಹಾಗೆ ಒಂದು ಕಡೆಗೆ ಚೂರು ವಾಟ ಇರಲಿ. ಅದೇ ವಾಟ ನೋಡಿ ಎತ್ತರದ ಕಡೆಗೆ ತಲೆ ಹಾಕಿ ಮಲಗುವುದು, ಇಲ್ಲದಿದ್ದರೆ ಬೆಳಿಗ್ಗೆ ತಲೆ ಕಲ್ಲಾಗಿರುತ್ತದೆ.

ಬಂಕಿನಲ್ಲಿ ಡೀಸೆಲ್ ಹಾಕಿಸಿ ಪಂಪಿನ ಎದುರೇ ಲಾರಿ ಬಿಟ್ಟು ಸ್ನಾನಕ್ಕೆ ಹೋಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇನ್ನೊಬ್ಬನಿಗೆ ಅಡ್ಡ ನಿಲ್ಲಿಸದೆ ಬೇರೆ ದಾರಿಯೇ ಇಲ್ಲದಿದ್ದರೆ ಗ್ಲಾಸಿಗೆ ಫೋನ್ ನಂಬರ್ ಬರೆದ ಚೀಟಿ ಸಿಕ್ಕಿಸಿ, ಫೋನ್ ಸೈಲೆಂಟ್ ಮಾಡದೆ ಮಲಗಬೇಕು. ಮಲ್ಪೆ ಕಡೆಯ ಮೀನಿನ ಲಾರಿಗಳ ಪಕ್ಕ ಮಾತ್ರ ನಿಲ್ಲಿಸಬೇಡಿ. ಅವರ ತಪ್ಪಲ್ಲ, ಐಸ್ ಕರಗಿ ನೀರು ಸೋರುತ್ತದೆ, ಆದರೆ ಆ ವಾಸನೆ ನಿಮ್ಮ ಹೊದಿಕೆ ಬಿಟ್ಟು ಹೋಗಲು ವಾರ ಬೇಕು.

ಮೋಟಾರು ವಾಹನ ಕಾಯ್ದೆಯ 122ನೇ ಕಲಮು ರಸ್ತೆಯಲ್ಲಿ ಅಪಾಯವಾಗುವಂತೆ ವಾಹನ ಬಿಡಬಾರದು ಅನ್ನುತ್ತದೆ. ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯ್ದೆ ದಿನಕ್ಕೆ 8 ಗಂಟೆ ಕೆಲಸ ಅನ್ನುತ್ತಿತ್ತು. ಎರಡನ್ನೂ ಬರೆದವರು ಜಾಗ ಎಲ್ಲಿ ಅಂತ ಹೇಳಲಿಲ್ಲ. ಆದರೂ ತಿರುವಿನಲ್ಲಿ ನಿಲ್ಲಿಸಿದವನಿಗೆ ನನ್ನ ಕ್ಷಮೆ ಇಲ್ಲ. ಕೆಟ್ಟು ನಿಂತರೆ ಮಾತು ಬೇರೆ, ಆಗ ಹಿಂದೆ ದೂರದಲ್ಲಿ ಸೊಪ್ಪು ಕಟ್ಟಿ, ಕಲ್ಲಿಟ್ಟು, ಇಂಡಿಕೇಟರ್ ಹಾಕಿ ಕಾಯುತ್ತೇವೆ. ರಿಪೇರಿ ಮುಗಿದ ಮೇಲೆ ಲಾರಿ ಹೋಗುತ್ತದೆ, ಕಲ್ಲು ಅಲ್ಲೇ ಉಳಿಯುತ್ತದೆ. ಮಂಡಗದ್ದೆ ಹತ್ತಿರ ರಾತ್ರಿ ಅಂಥ ಕಲ್ಲಿಗೆ ಬೈಕು ಹೊಡೆದು ಬಿದ್ದ ಹುಡುಗನನ್ನು ನಾನೇ ಎತ್ತಿ ಕೂರಿಸಿದ್ದೇನೆ. ಈಗ ಯಾರು ಬಿಟ್ಟು ಹೋದ ಕಲ್ಲಾದರೂ ನಿಲ್ಲಿಸಿ ಕಾಲಿನಿಂದ ಚರಂಡಿಗೆ ತಳ್ಳಿಯೇ ಮುಂದೆ ಹೋಗುತ್ತೇನೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿ ಬ್ರೇಕಿಗೆ ಏರ್ ಹತ್ತುವವರೆಗೆ ಲಾರಿ ಕದಲಿಸುವ ಹಾಗಿಲ್ಲ. ಆ ನಾಲ್ಕೈದು ನಿಮಿಷ ನಾನು ಬೀಡಿ ಹಚ್ಚುತ್ತಿದ್ದೆ, ಈಗ ಟಾರ್ಚ್ ಹಿಡಿದು ಒಂದು ಸುತ್ತು ಬಂದು ಬಗ್ಗಿ ಕೆಳಗೆ ನೋಡುತ್ತೇನೆ. ಮಳೆಗಾಲದಲ್ಲಿ ಊರ ದನಗಳಿಗೆ ಲಾರಿಯ ಅಡಿಯೇ ಕೊಟ್ಟಿಗೆ. ತೀರ್ಥಹಳ್ಳಿ ಆಚೆಯ ಬಂಕಿನಲ್ಲಿ ಒಂದು ಮಲೆನಾಡು ಗಿಡ್ಡ ಹಸು ಇದೆ. ನನ್ನ ಲಾರಿ ನಿಂತ ಹತ್ತು ನಿಮಿಷಕ್ಕೆ ಬಂದು ಹಿಂದಿನ ಚಕ್ರಗಳ ನಡುವೆ ಮಲಗುತ್ತದೆ. ಇಂಜಿನ್ ಸದ್ದಿಗೂ ಏಳುವುದಿಲ್ಲ, ಹಾರ್ನಿಗೂ ಏಳುವುದಿಲ್ಲ. ಕ್ಲೀನರ್ ಹುಡುಗ ಅಡಿಗೆ ತೂರಿ ಬೆನ್ನು ತಟ್ಟಿ "ಏಳಮ್ಮಾ, ಹೊರಡಬೇಕು" ಅಂದಾಗ ಮಾತ್ರ ಎದ್ದು, ಮೈ ಕೊಡವಿ, ಪಕ್ಕದ ಲಾರಿಯ ಅಡಿಗೆ ಹೋಗುತ್ತದೆ.