ಕೆಲಸ ಮಾಡಿದ್ದು ಮೂರು ದಿನ, ಕಾದಿದ್ದು ಮೂವತ್ತೊಂದು ದಿನ

2022ರ ಜೂನ್. ಬೆಳಿಗ್ಗೆ ಇನ್ನೂ ಆರು ಗಂಟೆ ಆಗಿರಲಿಲ್ಲ, ಫೋನ್ ಬಂತು. ಮದ್ದೂರಿನ ಹತ್ತಿರದ ಒಂದು ಹಳ್ಳಿಯ ಹಾಲಿನ ಸಂಘದ ಕಾರ್ಯದರ್ಶಿ. "ಮೇಡಂ, ಜನ ಚೀಟಿ ಹಿಡ್ಕೊಂಡು ನಿಂತವ್ರೆ. ಫ್ಯಾಟು ಕಮ್ಮಿ ತೋರಿಸ್ತಾ ಐತೆ. ನಾನೇನ್ ಹೇಳ್ಲಿ ಇವ್ರಿಗೆ?"

ನಮ್ಮದು ಹಾಲಿನ ಸಂಘಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿ. ರೈತರು ಹಾಲು ತಂದು ಹಾಕುತ್ತಾರೆ. ಫ್ಯಾಟ್ ಮಷಿನ್ ಅದರ ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡುತ್ತದೆ, ತಕ್ಕಡಿ ತೂಕ ಕೊಡುತ್ತದೆ. ನಮ್ಮ ಸಾಫ್ಟ್‌ವೇರ್ ಎರಡನ್ನೂ ಓದಿಕೊಂಡು, ದರಪಟ್ಟಿ ನೋಡಿ, ದುಡ್ಡು ಲೆಕ್ಕ ಹಾಕಿ ಚೀಟಿ ಕೊಡುತ್ತದೆ. ಆಗ 180 ಸಂಘಗಳಲ್ಲಿ ನಮ್ಮದು ಓಡುತ್ತಿತ್ತು. ಕೋಡ್ ಬರೆಯುವವರು ಆರು ಜನ, ಟೆಸ್ಟಿಂಗ್‌ಗೆ ಇಬ್ಬರು, ತಂಡ ನೋಡಿಕೊಳ್ಳಲು ನಾನು.

ಹಿಂದಿನ ರಾತ್ರಿಯಷ್ಟೇ ಹೊಸ ಆವೃತ್ತಿ ಬಿಟ್ಟಿದ್ದೆವು. ಮೂರು ತಿಂಗಳಿಗೊಮ್ಮೆ ರಿಲೀಸ್. 41 ಬದಲಾವಣೆ ಒಟ್ಟಿಗೆ. ಹಳೆಯ ಆವೃತ್ತಿಗೆ ವಾಪಸ್ ಹೋಗೋಣ ಎಂದರೆ ಡೇಟಾಬೇಸ್‌ನ ಟೇಬಲ್‌ಗಳೇ ಬದಲಾಗಿದ್ದವು. ಎಲ್ಲ ಸರಿಯಾಗುವಾಗ ಸಂಜೆ ನಾಲ್ಕು. ಐದಕ್ಕೆ ಸಂಜೆಯ ಹಾಲು ಬರಲು ಶುರುವಾಗುತ್ತದೆ.

ಆದದ್ದು ಇಷ್ಟು. ಕಂಪ್ಯೂಟರ್ ಅಂಕಿಗಳನ್ನು ಎರಡರ ಲೆಕ್ಕದಲ್ಲಿ, ಅಂದರೆ ಬರೀ ಸೊನ್ನೆ ಮತ್ತು ಒಂದರಲ್ಲಿ, ಇಟ್ಟುಕೊಳ್ಳುತ್ತದೆ. ಹಾಗಾಗಿ 4.35 ಅನ್ನುವ ಅಂಕಿಯನ್ನು ಅದು ಕರಾರುವಾಕ್ಕಾಗಿ ಹಿಡಿದಿಡಲಾರದು, ಕೂದಲೆಳೆಯಷ್ಟು ಕಡಿಮೆ ಇರುತ್ತದೆ. ಅದನ್ನು ನೂರರಿಂದ ಗುಣಿಸಿದರೆ 435 ಬರುವುದಿಲ್ಲ, 434.99999999999994 ಬರುತ್ತದೆ. ನಮ್ಮ ಹೊಸ ಕೋಡ್ ಚುಕ್ಕಿಯ ನಂತರದ್ದನ್ನು ಕತ್ತರಿಸಿ 434 ಅಂತ ಇಟ್ಟುಕೊಂಡಿತು. ಅಂದರೆ ಫ್ಯಾಟ್ 4.34. ದರಪಟ್ಟಿಯಲ್ಲಿ ಚುಕ್ಕಿಯ ನಂತರ ಒಂದೇ ಅಂಕಿ. 4.35 ಇದ್ದಿದ್ದರೆ 4.4ರ ದರ ಸಿಗಬೇಕಿತ್ತು, ಸಿಕ್ಕಿದ್ದು 4.3ರ ದರ. ಎಲ್ಲ ಅಂಕಿಗೂ ಹೀಗಾಗುವುದಿಲ್ಲ. ಟೆಸ್ಟಿಂಗ್‌ನಲ್ಲಿ ನಾವು ಹಾಕಿ ನೋಡಿದ್ದು 3.5, 4, 4.5. ಮೂರೂ ಎರಡರ ಲೆಕ್ಕದಲ್ಲಿ ಸರಿಯಾಗಿ ಕೂರುವ ಅಂಕಿಗಳು, ಎಲ್ಲ ಪಾಸಾಗಿತ್ತು.

ಮಾರನೇ ದಿನ ಮೀಟಿಂಗ್‌ನಲ್ಲಿ ಎಲ್ಲರ ಕಣ್ಣೂ ಆ ಕೋಡ್ ಬರೆದ ಹುಡುಗನ ಮೇಲೆ. ಅವನು ತಲೆ ತಗ್ಗಿಸಿ ಕೂತಿದ್ದ. ಕೆಲಸಕ್ಕೆ ಸೇರಿ ಒಂದೂವರೆ ವರ್ಷ ಆಗಿತ್ತು ಅಷ್ಟೆ. ಅವನನ್ನು ಕೇಳುವ ಬದಲು ನಾನು ಆ ಒಂದು ಬದಲಾವಣೆಯ ತಾರೀಖುಗಳನ್ನು ತೆಗೆದು ಬೋರ್ಡ್ ಮೇಲೆ ಬರೆದೆ. ಕೋಡ್ ಬರೆಯಲು ಎರಡು ದಿನ. ಆಮೇಲೆ ರಿವ್ಯೂ ಮಾಡುವವರಿಗಾಗಿ, ಅಂದರೆ ಒಬ್ಬರು ಬರೆದ ಕೋಡನ್ನು ಓದಿ ತಪ್ಪು ಹುಡುಕುವ ಇನ್ನೊಬ್ಬರಿಗಾಗಿ, ಒಂಬತ್ತು ದಿನ ಕಾದಿದೆ. ಟೆಸ್ಟಿಂಗ್‌ಗೆ ಹನ್ನೊಂದು ದಿನ ಕಾದಿದೆ. ಟೆಸ್ಟಿಂಗ್ ಒಂದು ದಿನ. ರಿಲೀಸ್‌ಗೆ ಮತ್ತೆ ಹನ್ನೊಂದು ದಿನ. ಒಟ್ಟು 34 ದಿನ, ಅದರಲ್ಲಿ ಯಾರಾದರೂ ಕೈ ಹಚ್ಚಿದ್ದು ಮೂರು ದಿನ.

ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ರಿವ್ಯೂ ಮಾಡಿದವಳೇ ಬಾಯಿಬಿಟ್ಟಳು: "ಅಕ್ಕ, ಆವತ್ತು ನನ್ನ ಹತ್ರ ಏಳು ರಿವ್ಯೂ ಬಾಕಿ ಇತ್ತು. ಇದು ಬೇರೆ ಮೂರು ವಿಷಯದ ಜೊತೆ ಸೇರ್ಕೊಂಡು 1,400 ಲೈನ್ ಇತ್ತು. ನಿಜ ಹೇಳ್ಬೇಕಂದ್ರೆ ನಾನು ಸರಿಯಾಗಿ ಓದ್ಲಿಲ್ಲ." ಹಾಗೆ ಎದ್ದು ಹೇಳುವುದಕ್ಕೆ ಧೈರ್ಯ ಬೇಕು. ಇವತ್ತಿಗೂ ನನಗೆ ಅವಳ ಆ ಮಾತಿನ ಮೇಲೆ ತುಂಬ ಗೌರವ.

ಆ ವಾರವಿಡೀ ಕೂತು 41 ಬದಲಾವಣೆಗಳದ್ದೂ ತಾರೀಖು ತೆಗೆದೆ. ಒಂದೊಂದು ಕೆಲಸ ಎಲ್ಲಿಗೆ ಬಂತು ಅಂತ ದಾಖಲಿಸುವ ನಮ್ಮ ಟಿಕೆಟ್ ಸಾಫ್ಟ್‌ವೇರ್‌ನಲ್ಲಿ ಎಲ್ಲ ಇತ್ತು, ನಾವು ನೋಡಿರಲಿಲ್ಲ ಅಷ್ಟೆ. ಹದಿಮೂರು ವಾರದಲ್ಲಿ 41 ಮುಗಿದಿವೆ, ವಾರಕ್ಕೆ ಸುಮಾರು ಮೂರು. ಯಾವ ದಿನ ನೋಡಿದರೂ ಅರ್ಧಂಬರ್ಧ ಆಗಿ ಕೂತಿರುವುದು ಇಪ್ಪತ್ತಮೂರು. ಇಪ್ಪತ್ತಮೂರನ್ನು ಮೂರು ಚಿಲ್ಲರೆಯಿಂದ ಭಾಗಿಸಿ. ಶುರು ಮಾಡಿದ ಒಂದು ಕೆಲಸ ರೈತರ ಕೈ ಸೇರಲು ಏಳು ವಾರಕ್ಕಿಂತ ಜಾಸ್ತಿ. ಇದು ಅಮೆರಿಕದ ಪ್ರಾಧ್ಯಾಪಕ ಜಾನ್ ಲಿಟಲ್ 1961ರಲ್ಲಿ ಗಣಿತದಲ್ಲಿ ಸಾಧಿಸಿ ತೋರಿಸಿದ ಸೂತ್ರ. ಸಾಲಿನಲ್ಲಿ ಎಷ್ಟಿವೆಯೋ ಅದನ್ನು ಹೊರಗೆ ಹೋಗುವ ವೇಗದಿಂದ ಭಾಗಿಸಿದರೆ ಒಂದೊಂದೂ ಸರಾಸರಿ ಎಷ್ಟು ಹೊತ್ತು ಒಳಗಿರುತ್ತದೆ ಅಂತ ಸಿಗುತ್ತದೆ. ಕಾಲೇಜಿನಲ್ಲಿ ಓದಿದ್ದೆ. ನಮ್ಮ ತಂಡಕ್ಕೇ ಅದು ಒಪ್ಪುತ್ತದೆ ಅಂತ ಹೊಳೆದದ್ದು ಆಗಲೇ. ಆ 34 ದಿನದ ಬದಲಾವಣೆ ನಮ್ಮಲ್ಲಿ ಬೇಗ ಮುಗಿದವುಗಳ ಪೈಕಿ ಒಂದಾಗಿತ್ತು!

ಅದೇ ಶನಿವಾರ ಆ ಹಳ್ಳಿಗೆ ಹೋದೆ. ಕ್ಷಮೆ ಕೇಳಬೇಕಿತ್ತು. ಮುಂಜಾನೆ ಐದೂ ಮುಕ್ಕಾಲಿಗೆ ಸಂಘದ ಮುಂದೆ ಆಗಲೇ ಕ್ಯಾನುಗಳ ಸಾಲು. ವಯಸ್ಸಾದ ಹೆಂಗಸೊಬ್ಬರು ನನ್ನ ಹತ್ತಿರ ಬಂದು ಸೆರಗಿನ ತುದಿಯ ಗಂಟು ಬಿಚ್ಚಿ ಆವತ್ತಿನ ಚೀಟಿ ತೆಗೆದು ತೋರಿಸಿದರು. "ಹಸ ಅದೇಯ, ಮೇವು ಅದೇಯ. ಒಂದೇ ದಿನಕ್ಕೆ ಫ್ಯಾಟು ಹೆಂಗವ್ವ ಕಮ್ಮಿ ಆದಾತು?" ನನಗೆ ಉತ್ತರ ಗೊತ್ತಿತ್ತು, ಆದರೆ ಗಂಟಲಿಂದ ಮಾತು ಹೊರಡಲಿಲ್ಲ. ಸಂಘದವರು ವ್ಯತ್ಯಾಸದ ದುಡ್ಡನ್ನು ಆ ವಾರದ ಬಟವಾಡೆಯಲ್ಲೇ ಸೇರಿಸಿಕೊಟ್ಟರು, ನಾವು ಸಂಘಕ್ಕೆ ತುಂಬಿಕೊಟ್ಟೆವು.

ಅಲ್ಲಿ ನಿಂತು ಒಂದು ಗಂಟೆ ಸುಮ್ನೆ ನೋಡಿದೆ. ಒಬ್ಬರು ಹಾಲು ಸುರಿಯುತ್ತಾರೆ. ತೂಕ ಆಗುತ್ತದೆ, ಸ್ಯಾಂಪಲ್ ಮಷಿನ್‌ಗೆ ಹೋಗುತ್ತದೆ, ಚೀಟಿ ಬರುತ್ತದೆ. ಚೀಟಿ ಕೈಗೆ ಬರುವವರೆಗೂ ಮುಂದಿನ ಕ್ಯಾನಿನ ಮುಚ್ಚಳ ತೆಗೆಯುವುದಿಲ್ಲ. ಮೊದಲು ಎಲ್ಲರದ್ದೂ ತೂಕ ಮಾಡಿಬಿಟ್ಟು, ಆಮೇಲೆ ಎಲ್ಲರದ್ದೂ ಫ್ಯಾಟ್ ನೋಡಿದರೆ ಬೇಗ ಆಗಲ್ವಾ ಅಂತ ಕಾರ್ಯದರ್ಶಿಯನ್ನು ಕೇಳಿದೆ. ಅವರು ನಕ್ಕರು. "ಆಗ ಯಾರ ಹಾಲು ಯಾವ್ದು ಅಂತ ಹೆಂಗ್ ಗೊತ್ತಾಗ್ಬೇಕು ಮೇಡಂ? ಒಂದು ಮುಗೀಲಿ, ಆಮೇಲೆ ಇನ್ನೊಂದು."

ನಾವು ಆಫೀಸಿನಲ್ಲಿ ಮಾಡುತ್ತಿದ್ದದ್ದು ಸರಿಯಾಗಿ ಅದರ ಉಲ್ಟಾ. ಎಲ್ಲರ ಕ್ಯಾನುಗಳ ಮುಚ್ಚಳವನ್ನೂ ತೆಗೆದಿಟ್ಟುಕೊಂಡು ಕೂತಿದ್ದೆವು.

ಸೋಮವಾರ ಗೋಡೆ ಮೇಲೆ ಬೋರ್ಡ್ ಹಾಕಿದೆ. ಐದು ಕಾಲಂ: ಮಾಡಬೇಕಾದದ್ದು, ಬರೆಯುತ್ತಿರುವುದು, ರಿವ್ಯೂ, ಟೆಸ್ಟಿಂಗ್, ಬಿಡಲು ಸಿದ್ಧ. ಒಂದೊಂದು ಕೆಲಸಕ್ಕೆ ಒಂದೊಂದು ಹಳದಿ ಚೀಟಿ. ಕಾಲಂ ತಲೆ ಮೇಲೆ ಒಂದೊಂದು ಅಂಕಿ: ಬರೆಯುವುದಕ್ಕೆ ಆರು, ರಿವ್ಯೂಗೆ ಮೂರು, ಟೆಸ್ಟಿಂಗ್‌ಗೆ ಮೂರು. ಕಾಲಂ ತುಂಬಿದ್ದರೆ ಅದರೊಳಗೆ ಹೊಸ ಚೀಟಿ ಹೋಗುವ ಹಾಗಿಲ್ಲ. ಇದರ ಹೆಸರು ಕಾನ್‌ಬಾನ್. ಟೊಯೋಟಾದಲ್ಲಿ ತೈಇಚಿ ಓನೋ ಬೆಳೆಸಿದ ಪದ್ಧತಿ, ಕಾರು ಕಾರ್ಖಾನೆಯಿಂದ ಸಾಫ್ಟ್‌ವೇರ್‌ಗೆ ಬಂದದ್ದು. ಬೋರ್ಡ್ ಮುಖ್ಯ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಬೋರ್ಡ್ ನಮ್ಮಲ್ಲಿ ಮೊದಲೂ ಕಂಪ್ಯೂಟರ್‌ನಲ್ಲಿ ಇತ್ತು. ಇರದಿದ್ದದ್ದು ಆ ಅಂಕಿಗಳು.

ಮೊದಲ ವಾರ ಕಷ್ಟವಾಯಿತು. ರಿವ್ಯೂ ಕಾಲಂ ಮಂಗಳವಾರವೇ ತುಂಬಿತು. ಇಬ್ಬರು ಕೋಡ್ ಮುಗಿಸಿ ಕೈ ಖಾಲಿ ಮಾಡಿಕೊಂಡು ಕೂತರು, ಹೊಸದನ್ನು ಶುರು ಮಾಡುವ ಹಾಗಿಲ್ಲ. ನಮ್ಮ ಮಾಲೀಕರು ಬಂದು, "ಏನಮ್ಮಾ, ಸಂಬಳ ಕೊಟ್ಟು ಕೂರಿಸಿಕೊಂಡಿದ್ದೀವಾ?" ಅಂದರು. ಅವರದ್ದು ನ್ಯಾಯವಾದ ಪ್ರಶ್ನೆಯೇ. ಒಂದು ತಿಂಗಳು ಟೈಮ್ ಕೊಡಿ ಸಾರ್, ಆಮೇಲೂ ಹೀಗೇ ಇದ್ದರೆ ನಾನೇ ಬೋರ್ಡ್ ಕಿತ್ತು ಹಾಕುತ್ತೇನೆ ಅಂದೆ. ಖಾಲಿ ಕೂತಿದ್ದ ಇಬ್ಬರಿಗೂ ಹೇಳಿದೆ: ನಿಮ್ಮ ಕೆಲಸ ಈಗ ರಿವ್ಯೂ. ಅದು ಖಾಲಿಯಾದರೆ ಟೆಸ್ಟಿಂಗ್‌ನವರ ಪಕ್ಕ ಕೂತು ಸಹಾಯ ಮಾಡಿ. ಗುರುವಾರದ ಹೊತ್ತಿಗೆ ಚೀಟಿಗಳು ಬಲಗಡೆಗೆ ಸರಿಯತೊಡಗಿದವು.

ರಿವ್ಯೂ ಬಗ್ಗೆ ಇನ್ನೊಂದಿಷ್ಟು ಹೇಳಬೇಕು, ಯಾಕಂದರೆ ನಮ್ಮ ದೊಡ್ಡ ಗಂಟು ಅಲ್ಲೇ ಇತ್ತು. ಎರಡು ನಿಯಮ ಮಾಡಿಕೊಂಡೆವು. ಬೆಳಿಗ್ಗೆ ಬಂದ ತಕ್ಷಣ ಮತ್ತು ಊಟವಾದ ಮೇಲೆ, ತನ್ನ ಕೋಡ್ ತೆರೆಯುವ ಮುಂಚೆ ಇನ್ನೊಬ್ಬರದ್ದನ್ನು ನೋಡಬೇಕು. ಮತ್ತೆ, ಒಂದು ರಿವ್ಯೂ 200 ಲೈನ್ ದಾಟಬಾರದು. ಎರಡನೆಯದಕ್ಕೆ ಬಹಳ ವಿರೋಧ ಬಂತು. "ಒಡೆಯೋಕೇ ಆಗಲ್ಲ" ಅನ್ನುವುದು ಎಲ್ಲರ ಮಾತು. ಆ ಒಂದೂವರೆ ವರ್ಷದ ಹುಡುಗನನ್ನೇ ಜೊತೆಗೆ ಕೂರಿಸಿಕೊಂಡು ಅವನ 1,400 ಲೈನನ್ನು ಒಡೆದೆವು. ಮೊದಲು ಹೆಸರು ಬದಲಾಯಿಸಿದ್ದು ಬೇರೆ. ಫೈಲ್ ಸ್ಥಳಾಂತರ ಬೇರೆ. ಡೇಟಾಬೇಸ್‌ಗೆ ಹೊಸ ಕಾಲಂ ಸೇರಿಸಿದ್ದು ಬೇರೆ. ಕೊನೆಗೆ ಫ್ಯಾಟ್ ಲೆಕ್ಕ ಮಾತ್ರ ಉಳಿಯಿತು: 38 ಲೈನ್. ಅದನ್ನು ಏನೂ ಹೇಳದೆ ತಂಡದ ಮುಂದಿಟ್ಟೆ. ಐದು ನಿಮಿಷದಲ್ಲಿ ಒಬ್ಬರು ಬೆರಳಿಟ್ಟು ತೋರಿಸಿದರು: "ಇಲ್ಲಿ ಯಾಕೆ ಕತ್ತರಿಸ್ತಾ ಇದೀರಿ?" ವಿರೋಧ ಅಲ್ಲಿಗೆ ನಿಂತಿತು.

ಫ್ಯಾಟ್ ಲೆಕ್ಕವನ್ನು ಹೊಸದಾಗಿ ಬರೆದೆವು. ಮಷಿನ್ ಕಳಿಸುವ ಅಕ್ಷರಗಳನ್ನೇ ಓದಿ ನೇರವಾಗಿ ಪೂರ್ಣಾಂಕ ಮಾಡಿಕೊಳ್ಳುತ್ತೇವೆ, ನಡುವೆ ದಶಾಂಶವೇ ಬರುವುದಿಲ್ಲ. ಜೊತೆಗೆ 3.00ರಿಂದ 6.00ರವರೆಗೆ ನೂರನೇ ಒಂದರಂತೆ 301 ಅಂಕಿಗಳ ಟೆಸ್ಟ್. ಯಾರು ಕೋಡ್ ಸೇರಿಸಿದರೂ ಅದು ತಾನಾಗಿ ಓಡುತ್ತದೆ, ಎರಡು ಸೆಕೆಂಡ್ ಕೂಡ ಹಿಡಿಯುವುದಿಲ್ಲ. ಟೆಸ್ಟಿಂಗ್‌ನ ಇಬ್ಬರಿಗೆ ಈಗ ಮೂರು ಅಂಕಿ ಹಾಕಿ ನೋಡುವ ಕೆಲಸ ಇಲ್ಲ. ಅವರು ಕರೆಂಟ್ ಹೋಗಿ ಬಂದರೆ ಏನಾಗುತ್ತದೆ, ತಕ್ಕಡಿಯ ವೈರ್ ಮಧ್ಯದಲ್ಲಿ ಕಿತ್ತರೆ ಏನಾಗುತ್ತದೆ ಅಂತ ನೋಡುತ್ತಾರೆ. ಮನುಷ್ಯರ ತಲೆ ಬೇಕಾಗಿರುವುದು ಅಂಥ ಕಡೆ.

ರಿಲೀಸ್ ಬದಲಾಯಿಸಿದ್ದು ಕೊನೆಗೆ, ನಾಲ್ಕನೇ ತಿಂಗಳು. ಮೊದಲೇ ಮಾಡಲು ಹೋಗಿದ್ದರೆ ಕೆಟ್ಟ ಕೋಡನ್ನು ಬೇಗ ಬೇಗ ಕಳಿಸುತ್ತಿದ್ದೆವು ಅಷ್ಟೆ. ಈಗ ಪ್ರತಿ ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ. ರಾತ್ರಿ ಅಲ್ಲ. ಬೆಳಗಿನ ಹಾಲು ಮುಗಿದಿರುತ್ತದೆ, ಸಂಜೆಯದಕ್ಕೆ ಆರು ಗಂಟೆ ಇರುತ್ತದೆ, ನಮ್ಮವರೆಲ್ಲ ಎಚ್ಚರವಾಗಿರುತ್ತಾರೆ. ಬುಧವಾರ ಮೂರೇ ಸಂಘಕ್ಕೆ. ಸಂಜೆ, ಮಾರನೇ ಬೆಳಿಗ್ಗೆ ಎರಡು ಹೊತ್ತಿನ ಲೆಕ್ಕ ಸರಿ ಇದ್ದರೆ ಗುರುವಾರ ಉಳಿದವರಿಗೆ. ಆ ಮೂರು ಸಂಘಗಳು ತಾವಾಗಿ ಮುಂದೆ ಬಂದವು. ಮೊದಲು ಒಪ್ಪಿದ್ದು ಮದ್ದೂರಿನ ಆ ಕಾರ್ಯದರ್ಶಿಯೇ. ಹಳೆಯ ಆವೃತ್ತಿಗೆ ವಾಪಸ್ ಹೋಗುವುದನ್ನೂ ತಿಂಗಳಿಗೊಮ್ಮೆ ಸುಮ್ಮನೆ ಮಾಡಿ ನೋಡುತ್ತೇವೆ. ಡೇಟಾಬೇಸ್‌ನಲ್ಲಿ ಹಳೆಯ ಕಾಲಂ ತೆಗೆಯುವುದು ಹೊಸದು ಬಂದು ಎರಡು ರಿಲೀಸ್ ಆದ ಮೇಲೆ ಮಾತ್ರ. ಹಾಗಾಗಿ ಹಳೆಯ ಆವೃತ್ತಿಯೂ ಓಡುತ್ತದೆ.

ಕೈಗೂಡದ್ದೂ ಇದೆ. ಕೆಲಸ ಎಷ್ಟು ದೊಡ್ಡದು ಅಂತ ಅಂದಾಜಿಸಿ ಪಾಯಿಂಟ್ ಕೊಟ್ಟು ವೇಗ ಅಳೆಯುವುದನ್ನು ಆರು ತಿಂಗಳು ಮಾಡಿದೆವು. ಪಾಯಿಂಟ್ ಏರಿತು, ಕೆಲಸ ಅಷ್ಟೇ ಇತ್ತು. ಬಿಟ್ಟುಬಿಟ್ಟೆ. ಬೆಳಗಿನ ಸ್ಟ್ಯಾಂಡಪ್ (ತಂಡ ದಿನಾ ನಿಂತುಕೊಂಡೇ ಮಾಡುವ ಸಣ್ಣ ಮೀಟಿಂಗ್) ಹಾಜರಿ ಕರೆದ ಹಾಗೆ ನಲವತ್ತು ನಿಮಿಷ ಹಿಡಿಯುತ್ತಿತ್ತು. ಈಗ ಒಬ್ಬೊಬ್ಬರನ್ನು ಕೇಳುವುದಿಲ್ಲ. ಬೋರ್ಡಿನ ಬಲತುದಿಯಿಂದ ಚೀಟಿಗಳನ್ನು ನೋಡುತ್ತಾ ಬರುತ್ತೇವೆ, ಮುಗಿಯಲು ಹತ್ತಿರ ಇರುವುದಕ್ಕೆ ಏನು ಅಡ್ಡಿ ಅಂತ ಮಾತ್ರ ಕೇಳುತ್ತೇವೆ. ಹತ್ತು ನಿಮಿಷ ಸಾಕು. ಸೇಲ್ಸ್‌ನವರ "ಅರ್ಜೆಂಟ್" ಕೆಲಸಗಳಿಗೆ ಒಂದು ಕೆಂಪು ಚೀಟಿ ಇಟ್ಟಿದ್ದೇವೆ, ಒಂದೇ ಒಂದು. ಅದು ಬೋರ್ಡ್ ಮೇಲಿದ್ದರೆ ಎರಡನೆಯ ಅರ್ಜೆಂಟ್ ಇಲ್ಲ. ಇದಕ್ಕೆ ಈಗಲೂ ಜಗಳ ಆಗುತ್ತದೆ, ಆಗಲಿ. ನಾನು ಬಿಟ್ಟುಕೊಡುವುದಿಲ್ಲ.

ಎಂಟು ತಿಂಗಳ ನಂತರ ಮತ್ತೆ ಅದೇ ಲೆಕ್ಕ ಹಾಕಿದೆ. ಅರ್ಧಂಬರ್ಧ ಇರುವುದು ಇಪ್ಪತ್ತಮೂರರಿಂದ ಒಂಬತ್ತಕ್ಕೆ ಇಳಿದಿತ್ತು. ವಾರಕ್ಕೆ ಮುಗಿಯುವುದು ಮೂರರಿಂದ ಐದಕ್ಕೆ ಏರಿತ್ತು. ಒಂದು ಕೆಲಸ ಏಳು ವಾರದ ಬದಲು ಎರಡು ವಾರದೊಳಗೆ ಹೋಗುತ್ತಿತ್ತು. ಯಾರೂ ರಾತ್ರಿ ಕೂತಿಲ್ಲ, ಹೊಸಬರನ್ನು ಸೇರಿಸಿಕೊಂಡಿಲ್ಲ. ಮಾಲೀಕರು ಆ ಕಾಗದ ನೋಡಿ ಏನೂ ಹೇಳಲಿಲ್ಲ. ಬೋರ್ಡ್ ಇರಲಿ ಅಂದರು.

ಇನ್ನೂ ಬಿಡಿಸದ ಗಂಟು ಒಂದಿದೆ. ಫ್ಯಾಟ್ ಮಷಿನ್ ಜೊತೆ ಮಾತಾಡುವ ಕೋಡ್ ಪೂರ್ತಿ ಗೊತ್ತಿರುವುದು ನಮ್ಮಲ್ಲಿ ಒಬ್ಬರಿಗೇ. ಅವರು ರಜೆ ಹಾಕಿದ ವಾರ ಆ ಚೀಟಿಗಳು ಬೋರ್ಡ್ ಮೇಲೆ ಇದ್ದಲ್ಲೇ ಇರುತ್ತವೆ. ಹೋದ ತಿಂಗಳಿಂದ ಆ ಹುಡುಗನನ್ನು ಅವರ ಪಕ್ಕ ಕೂರಿಸಿದ್ದೇನೆ. ಕೀಬೋರ್ಡ್ ಅವನ ಕೈಯಲ್ಲಿ, ಮಾತು ಅವರದ್ದು. ನಿಧಾನ ಆಗುತ್ತಿದೆ, ಅವರಿಗೆ ಬೇಜಾರೂ ಆಗುತ್ತಿದೆ. ಈ ಶುಕ್ರವಾರದ ಮಾತುಕತೆಯಲ್ಲಿ ಅದನ್ನೇ ಮುಂದಿಟ್ಟುಕೊಂಡು ಕೂರಬೇಕು.